ಓದುಗರ ಪ್ರಶ್ನೆ, ನಮ್ಮ ಉತ್ತರ: ಫ್ಯಾನಿನ ಸದ್ದನ್ನೂ ಕೇಳಿಸುವ ಹೆಡ್‌ಫೋನ್

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕ, ಮೈಸೂರಿನಲ್ಲಿ ವಾಸ. ಬೆಳಗಿನ ಜಾವ ಒಂದು ಗಂಟೆ ಮತ್ತು ರಾತ್ರಿ ಊಟವಾದ ಮೇಲೆ ಒಂದು ಗಂಟೆ ಕರ್ನಾಟಕ ಸಂಗೀತವನ್ನು ಕೇಳುವುದು ಬಹುಕಾಲದ ಅಭ್ಯಾಸ. ಈಗಿರುವ ಹೆಡ್‌ಫೋನ್ ಕಿವಿಯನ್ನು ಪೂರ್ತಿಯಾಗಿ ಮುಚ್ಚುವಂಥದ್ದು; ಅರ್ಧ ಗಂಟೆಯೊಳಗೆ ಕಿವಿ ಬೆವರುತ್ತದೆ, ಮೃದಂಗದ ಎಡಗೈ ಪೆಟ್ಟು ತಲೆಯೊಳಗೇ ಗುಂಯ್‌ಗುಟ್ಟುತ್ತದೆ. ‘ಓಪನ್ ಬ್ಯಾಕ್’ ಎಂಬ ಬಗೆಯದನ್ನು ತೆಗೆದುಕೊಳ್ಳಿ ಎಂದು ಮಗ ಹೇಳುತ್ತಾನೆ. ಹಾಗೆಂದರೇನು? ಸುಮಾರು ಎಂಟು ಸಾವಿರ ರೂಪಾಯಿಗೆ ಒಳ್ಳೆಯದು ದೊರೆಯುವುದೇ? ಪಕ್ಕದಲ್ಲಿ ಮಲಗಿರುವ ನಮ್ಮ ಮನೆಯವರ ನಿದ್ದೆಗೆ ಭಂಗವಾಗುವುದಿಲ್ಲವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಈ ಬಗೆಯ ಹೆಡ್‌ಫೋನ್ ನಿಮಗೆ ಬೇಕೇ ಬೇಡವೇ ಎಂಬುದು ಅದರಿಂದಲೇ ತೀರ್ಮಾನವಾಗುತ್ತದೆ. ಖಂಡಿತವಾಗಿಯೂ ಭಂಗವಾಗುತ್ತದೆ. ನೀವು ಸಾಧಾರಣ ಮಟ್ಟದಲ್ಲಿ ಕೇಳುತ್ತಿದ್ದರೂ ಪಕ್ಕದಲ್ಲಿರುವವರಿಗೆ ಇಡೀ ಕೃತಿ, ಪಕ್ಕದ ಕೋಣೆಯ ರೇಡಿಯೊದಂತೆ ಸಣ್ಣಗೆ, ಕೇಳಿಸುತ್ತಲೇ ಇರುತ್ತದೆ. ಆದ್ದರಿಂದ ರಾತ್ರಿಯ ಒಂದು ಗಂಟೆಗೆ ನೀವು ನಡುಮನೆಗೆ ಬರಬೇಕು, ಇಲ್ಲವೇ ಹಳೆಯ ಹೆಡ್‌ಫೋನನ್ನೇ ಇಟ್ಟುಕೊಳ್ಳಬೇಕು.

ಇದರ ಕಾರಣ ಅದರ ರಚನೆಯಲ್ಲಿಯೇ ಇದೆ. ಹೆಡ್‌ಫೋನಿನೊಳಗಿನ ತೆಳುವಾದ ಪೊರೆ ಕಂಪಿಸುವಾಗ ಕಿವಿಯ ಕಡೆಗೆ ಎಷ್ಟು ಗಾಳಿಯನ್ನು ತಳ್ಳುತ್ತದೆಯೋ ಹಿಂಬದಿಗೂ ಅಷ್ಟನ್ನೇ ತಳ್ಳುತ್ತದೆ. ನಿಮ್ಮಲ್ಲಿರುವಂಥ ಮುಚ್ಚಿದ ಬಗೆಯಲ್ಲಿ ಆ ಹಿಂಬದಿಯ ಸದ್ದು ಬಟ್ಟಲಿನ ಗೋಡೆಗೆ ತಾಗಿ ಮರಳಿ ಬರುತ್ತದೆ. ಮೃದಂಗದ ತೊಪ್ಪಿಯ ಸದ್ದು ಗುಂಯ್‌ಗುಟ್ಟುವಂತೆ ತೋರುವುದರಲ್ಲಿ ಇದರ ಪಾಲು ದೊಡ್ಡದು. ಓಪನ್ ಬ್ಯಾಕ್ ಬಗೆಯಲ್ಲಿ ಬಟ್ಟಲಿನ ಹಿಂಬದಿಗೆ ಗೋಡೆಯ ಬದಲು ಜಾಲರಿ ಇರುವುದರಿಂದ ಆ ಸದ್ದು ಹೊರಗೆ ಹೋಗಿಬಿಡುತ್ತದೆ, ಜೊತೆಗೆ ಕಿವಿಗೆ ಗಾಳಿಯೂ ಆಡುತ್ತದೆ. ಜರ್ಮನಿಯ ಸೆನ್‌ಹೈಸರ್ ಕಂಪನಿ 1968ರಲ್ಲಿ ಹಳದಿ ಸ್ಪಂಜಿನ ಮೆತ್ತೆಯುಳ್ಳ ಎಚ್‌ಡಿ 414 ಎಂಬ ಮಾದರಿಯನ್ನು ಹೊರತಂದದ್ದೇ ಈ ಬಗೆಯ ಆರಂಭ. ಅಂದಿನಿಂದ ಇಂದಿನವರೆಗೂ ಇದರ ಮುಖ್ಯ ಆಕರ್ಷಣೆ ಒಂದೇ: ಹಾಡು ತಲೆಯೊಳಗೆ ಹುದುಗಿ ಕುಳಿತಂತೆ ಅನಿಸದೆ, ಎರಡೂ ಕಿವಿಗಳಿಂದ ತುಸು ಆಚೆಗೆ ಹರಡಿಕೊಂಡಂತೆ ಕೇಳಿಸುತ್ತದೆ.

ಆದರೆ ಒಳಗಿನ ಸದ್ದು ಹೊರಗೆ ಹೋಗುವ ದಾರಿಯಲ್ಲಿಯೇ ಹೊರಗಿನ ಸದ್ದು ಒಳಗೆ ಬರುತ್ತದೆ. ಅಂಗಡಿಯವರು ಹೇಳದ ಸಂಗತಿ ಇದು. ಬೇರೆ ಊರುಗಳ ಮಾತು ಬಿಡಿ, ನಮ್ಮ ಮನೆಗಳಲ್ಲಿ ವರ್ಷದ ಏಳೆಂಟು ತಿಂಗಳು ತಲೆಯ ಮೇಲೆ ಫ್ಯಾನ್ ತಿರುಗುತ್ತಿರುತ್ತದೆ. ಅದರ ಗಾಳಿಯ ಸದ್ದು ಆಲಾಪನೆಯ ಮಂದ್ರಸ್ಥಾಯಿಯನ್ನೂ ತಂಬೂರಿಯ ತುದಿನಾದವನ್ನೂ ಸದ್ದಿಲ್ಲದೆ ನುಂಗಿಹಾಕುತ್ತದೆ. ಎಂಟು ಸಾವಿರದ ಹೆಡ್‌ಫೋನಿಗೂ ಇಪ್ಪತ್ತು ಸಾವಿರದ ಹೆಡ್‌ಫೋನಿಗೂ ಇರುವ ವ್ಯತ್ಯಾಸ ಫ್ಯಾನ್ ಐದರಲ್ಲಿ ತಿರುಗುವ ಕೋಣೆಯಲ್ಲಿ ಬಹುಮಟ್ಟಿಗೆ ಅಳಿಸಿಹೋಗುತ್ತದೆ ಎಂಬುದು ನನ್ನ ಅನುಭವ. ನಿಮ್ಮ ಬೆಳಗಿನ ಜಾವದ ವೇಳೆ ಈ ದೃಷ್ಟಿಯಿಂದ ಭಾಗ್ಯವೇ ಸರಿ: ಮೈಸೂರಿನ ತಂಪಿನಲ್ಲಿ ಫ್ಯಾನ್ ಬೇಕಿಲ್ಲ, ಬೀದಿ ಇನ್ನೂ ಎದ್ದಿರುವುದಿಲ್ಲ, ಅಡುಗೆಮನೆಯ ಕುಕ್ಕರ್ ಕೂಗುವುದಕ್ಕೂ ಸಮಯವಿರುತ್ತದೆ.

ನಿಮ್ಮ ಮೊತ್ತದ ಆಸುಪಾಸಿನಲ್ಲಿ ನಾನು ಎರಡನ್ನು ಹೆಸರಿಸುತ್ತೇನೆ. ಮೊದಲನೆಯದು ಫಿಲಿಪ್ಸ್ ಎಸ್‌ಎಚ್‌ಪಿ 9500. 32 ಓಮ್‌ನ (ಓಮ್ ಎಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಈ ಹೆಡ್‌ಫೋನ್ ಫೋನಿನಿಂದಲೇ ನಿರಾಯಾಸವಾಗಿ ಹಾಡುತ್ತದೆ. ಕಂಠವೂ ಪಿಟೀಲೂ ಬಹಳ ಸ್ಪಷ್ಟ. ಕೇಬಲ್ಲನ್ನು ಕಳಚಬಹುದು, ಎಡ ಬಟ್ಟಲಿಗೆ ಸಿಕ್ಕಿಸುವುದು ಎಲ್ಲೆಡೆ ದೊರೆಯುವ ಸಾಮಾನ್ಯ 3.5 ಮಿ.ಮೀ. ಪಿನ್ ಆದ್ದರಿಂದ, ಕೇಬಲ್ ಕೆಟ್ಟರೆ ಮೊಬೈಲ್ ಅಂಗಡಿಯಲ್ಲಿಯೇ ಹೊಸದು ಸಿಕ್ಕೀತು. ಎರಡನೆಯದು ಸೆನ್‌ಹೈಸರ್ ಎಚ್‌ಡಿ 599. ಇದು 50 ಓಮ್‌ನದು, ತೂಕ ಸುಮಾರು 250 ಗ್ರಾಂ. ಇದರ ನಾದ ಸ್ವಲ್ಪ ಮೆದು, ಮೃದಂಗಕ್ಕೆ ಮೈ ಹೆಚ್ಚು, ಒಂದು ಗಂಟೆ ಧರಿಸಿದರೂ ತಲೆಯ ಮೇಲೆ ಏನಿದೆ ಎಂಬುದೇ ಮರೆತುಹೋಗುತ್ತದೆ. ಇದರ ಪಟ್ಟಿಯ ಬೆಲೆ ನಿಮ್ಮ ಮಿತಿಯನ್ನು ಮೀರಬಹುದು, ಆದರೆ ಹಬ್ಬದ ರಿಯಾಯಿತಿಯ ದಿನಗಳಲ್ಲಿ ಇಳಿಯುವುದುಂಟು. ಹಾಗೆ ಇಳಿದಾಗ ಇದನ್ನೇ ಕೊಳ್ಳಿ; ಕಾಯಲು ಮನಸ್ಸಿಲ್ಲದಿದ್ದರೆ ಫಿಲಿಪ್ಸ್ ಸಾಕು, ಪಶ್ಚಾತ್ತಾಪ ಪಡಬೇಕಿಲ್ಲ.

ಇನ್ನೂ ಮೇಲಿನ ಎಚ್‌ಡಿ 560ಎಸ್ ಮಾದರಿಯನ್ನು ಮಗ ಸೂಚಿಸಿದರೆ ತುಸು ಯೋಚಿಸಿ. ಅದು ಇನ್ನೂ ನಿಖರವಾದದ್ದು, ನಿಜ. ಆದರೆ ನೀವು ಕೇಳುವುದು ಹಳೆಯ ಕಛೇರಿಗಳ ಮತ್ತು ಆಕಾಶವಾಣಿಯ ಧ್ವನಿಮುದ್ರಣಗಳಾಗಿದ್ದರೆ ಆ ನಿಖರತೆ ಟೇಪಿನ ‘ಸ್ಸ್’ ಸದ್ದನ್ನೂ ಮೈಕಿನ ಕರ್ಕಶತೆಯನ್ನೂ ಅಷ್ಟೇ ನಿಷ್ಠೆಯಿಂದ ಎತ್ತಿ ತೋರಿಸುತ್ತದೆ. ಅಂಥ ಮುದ್ರಣಗಳಲ್ಲಿ ಹೆಚ್ಚಿನವು ಮೋನೊ, ಅಂದರೆ ಎರಡೂ ಕಿವಿಗೆ ಒಂದೇ ಸದ್ದು ಕೊಡುವಂಥವು, ಆಗಿರುವುದರಿಂದ ವಿದ್ವಾಂಸರೂ ಪಕ್ಕವಾದ್ಯದವರೂ ಒಂದೇ ಬಿಂದುವಿನಲ್ಲಿ ಕುಳಿತಂತೆ ಕೇಳಿಸುತ್ತಾರೆ. ಅದನ್ನು ಯಾವ ಹೆಡ್‌ಫೋನೂ ಬಿಡಿಸಿ ಹರಡಲಾರದು.

ಪ್ರಶ್ನೆ: ನಾನು ಬೆಂಗಳೂರಿನ ಐಟಿ ಉದ್ಯೋಗಿ. ಬಹಳ ಮಂದಿ ಹೊಗಳಿದ್ದನ್ನು ನೋಡಿ 250 ಓಮ್‌ನ ಓಪನ್ ಬ್ಯಾಕ್ ಹೆಡ್‌ಫೋನ್ ಕೊಂಡೆ. ಫೋನಿಗೆ ಪುಟ್ಟ ಡಾಂಗಲ್ (ಚಾರ್ಜಿಂಗ್ ಕಿಂಡಿಗೆ ಹಾಕುವ ಕೊಂಡಿ) ಮೂಲಕ ಸಿಕ್ಕಿಸಿದರೆ ವಾಲ್ಯೂಮ್ ಪೂರ್ತಿ ಏರಿಸಿದರೂ ಹಿಂದೂಸ್ತಾನಿ ಖಯಾಲ್ ಪಿಸುಗುಟ್ಟಿದಂತೆ ಕೇಳುತ್ತದೆ. ಸಿನಿಮಾ ಹಾಡು ಮಾತ್ರ ಪರವಾಗಿಲ್ಲ. ನನಗೆ ದೋಷವಿರುವ ಮಾಲು ಬಂದಿದೆಯೇ? ಡಬ್ಬಿಯ ಮೇಲೆ 96 ಡೆಸಿಬೆಲ್ ಎಂದಿದೆ.

ಉತ್ತರ: ಮಾಲು ಸರಿಯಾಗಿಯೇ ಇದೆ, ಜೋಡಿ ಸರಿಯಿಲ್ಲ. ಡಬ್ಬಿಯ ಮೇಲಿನ 96 ಡೆಸಿಬೆಲ್ ಎಂಬುದು 1 ಮಿಲಿವ್ಯಾಟ್ ವಿದ್ಯುತ್ತಿಗೆ ಹೊರಡುವ ಸದ್ದು. ಚಿಕ್ಕ ಡಾಂಗಲ್‌ಗಳಲ್ಲಿ ಹಲವು ಹೆಚ್ಚೆಂದರೆ ಅರ್ಧದಿಂದ 1 ವೋಲ್ಟ್‌ವರೆಗೆ ಕೊಡುತ್ತವೆ. 250 ಓಮ್‌ಗೆ ಅರ್ಧ ವೋಲ್ಟ್ ಕೊಟ್ಟರೆ ದೊರೆಯುವುದು ಸರಿಯಾಗಿ 1 ಮಿಲಿವ್ಯಾಟ್. ಅಂದರೆ ಹಾಡಿನ ಅತ್ಯಂತ ಜೋರಾದ ಕ್ಷಣದಲ್ಲಿ 96 ಡೆಸಿಬೆಲ್, ಅದಕ್ಕಿಂತ ಮೇಲೇರಲು ಅವಕಾಶವಿಲ್ಲ. ಇಂದಿನ ಸಿನಿಮಾ ಹಾಡುಗಳನ್ನು ಮೊದಲಿನಿಂದ ಕೊನೆಯವರೆಗೂ ಆ ಮೇಲ್ಮಟ್ಟದ ಬಳಿಯೇ ಒತ್ತಿ ತುಂಬಿರುತ್ತಾರೆ, ಆದ್ದರಿಂದ ನಿಮಗೆ ಕೊರತೆ ಕಾಣಲಿಲ್ಲ. ಖಯಾಲಿನಲ್ಲಿ ನಿಧಾನಗತಿಯ ವಿಲಂಬಿತದ ಆರಂಭ ಅದೇ ಮುದ್ರಣದ ವೇಗದ ದ್ರುತ್ ತಾನುಗಳಿಗಿಂತ 20 ಡೆಸಿಬೆಲ್‌ನಷ್ಟು ಕೆಳಗಿರಬಹುದು. ಅಲ್ಲಿಗೆ 76 ಉಳಿಯಿತು, ಅದರ ಮೇಲೆ ನಿಮ್ಮ ಬೀದಿಯ ಆಟೋಗಳ ಸದ್ದು ಜಾಲರಿಯೊಳಗಿಂದ ಬಂದು ಕೂಡಿಕೊಂಡಿತು. 2 ವೋಲ್ಟ್ ಕೊಡಬಲ್ಲ ಡಾಂಗಲ್ಲನ್ನೋ ಮೇಜಿನ ಮೇಲಿಡುವ ಸಣ್ಣ ಆಂಪ್ಲಿಫೈಯರನ್ನೋ ಕೊಂಡರೆ ಅದೇ ಹೆಡ್‌ಫೋನಿಗೆ 16 ಮಿಲಿವ್ಯಾಟ್ ದೊರೆತು ಮಿತಿ 108 ಡೆಸಿಬೆಲ್‌ಗೆ ಏರುತ್ತದೆ. ಅದು ಧಾರಾಳವಾಗಿ ಸಾಕು.

ಈ ಖರ್ಚು ಬೇಡವೆನ್ನುವವರು ಕೊಳ್ಳುವಾಗಲೇ ಎರಡು ಅಂಕಿಗಳನ್ನು ಒಟ್ಟಿಗೆ ನೋಡಬೇಕು. ಓಮ್ ಕಡಿಮೆ ಇದ್ದರೆ ಸಾಕೆಂದು ಬಹಳ ಮಂದಿ ನಂಬಿದ್ದಾರೆ. ಅದು ಅರ್ಧ ಸತ್ಯ. ಮೇಲೆ ಹೇಳಿದ ಫಿಲಿಪ್ಸ್ ಮಾದರಿ 32 ಓಮ್‌ನದು, ಚೀನಾದ ಹೈಫೈಮ್ಯಾನ್ ಕಂಪನಿಯ ಎಚ್‌ಇ 400ಎಸ್‌ಇ ಕೂಡ 32 ಓಮ್‌ನದೇ. ಆದರೆ ಮೊದಲನೆಯದು 1 ಮಿಲಿವ್ಯಾಟ್‌ಗೆ 101 ಡೆಸಿಬೆಲ್ ಹಾಡಿದರೆ ಎರಡನೆಯದು ಹಾಡುವುದು 91 ಮಾತ್ರ. ಈ 10 ಡೆಸಿಬೆಲ್ ಅಂತರವನ್ನು ತುಂಬಲು ಹತ್ತರಷ್ಟು ವಿದ್ಯುತ್ತು ಬೇಕು. ಹೈಫೈಮ್ಯಾನ್‌ನದು ಸಾಮಾನ್ಯ ಸುರುಳಿಯ ಡ್ರೈವರ್ (ಸದ್ದು ಹೊರಡಿಸುವ ಭಾಗ) ಅಲ್ಲ, ಅಗಲವಾದ ಪೊರೆಯ ಮೇಲೆ ತಂತಿಯ ಗೆರೆಗಳನ್ನು ಹರಡಿದ ‘ಪ್ಲಾನಾರ್’ ಬಗೆಯದು. ಅದರ ನಾದ ಸೊಗಸು, ವಿಶೇಷವಾಗಿ ತಬಲಾದ ಎಡಗೈ ವಾದ್ಯವಾದ ಬಾಯಾಕ್ಕೆ; ಆದರೆ ಸುಮಾರು 390 ಗ್ರಾಂ ತೂಕವನ್ನು ಕುತ್ತಿಗೆ ಹೊರಬೇಕು, ಆಂಪ್ಲಿಫೈಯರಿನ ವೆಚ್ಚವನ್ನು ಜೇಬು ಹೊರಬೇಕು.

ಪ್ರಶ್ನೆ: ಹುಬ್ಬಳ್ಳಿಯವನು, ಪಿಯುಸಿ ಮುಗಿಸಿದ್ದೇನೆ. ನನ್ನ ಕೈಯಲ್ಲಿರುವುದು ಮೂರು ನಾಲ್ಕು ಸಾವಿರ. ‘ಸೆಮಿ ಓಪನ್’ ಎಂಬುದು ಓಪನ್ ಬ್ಯಾಕ್‌ನಷ್ಟೇ ಒಳ್ಳೆಯದೇ? ಬೇಸ್ ಚೆನ್ನಾಗಿರಬೇಕು.

ಉತ್ತರ: ಬೇಸ್ ಮುಖ್ಯವೆಂದರೆ ಈ ಜಾತಿಯ ಹೆಡ್‌ಫೋನ್‌ಗಳು ನಿಮ್ಮನ್ನು ನಿರಾಶೆಗೊಳಿಸಬಹುದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ತೆರೆದ ಬಟ್ಟಲಿನಲ್ಲಿ ಗಾಳಿಯ ಒತ್ತಡ ನಿಲ್ಲುವುದಿಲ್ಲವಾದ್ದರಿಂದ ಸುಮಾರು 60 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಕ್ಷೀಣಿಸುತ್ತದೆ. ಕಂಠ, ಹಾರ್ಮೋನಿಯಂ, ಸಿತಾರ್ ಇವಕ್ಕೆ ಅದರಿಂದ ನಷ್ಟವಿಲ್ಲ. ಎದೆ ನಡುಗಿಸುವ ಡಿಜೆ ಹಾಡುಗಳಿಗೆ ನಷ್ಟವೇ. ಅಂಥದ್ದೇ ನಿಮಗೆ ಇಷ್ಟವಾದರೆ ಮುಚ್ಚಿದ ಬಗೆಯನ್ನೇ ಕೊಳ್ಳಿ, ಅದರಲ್ಲಿ ಯಾವ ಅವಮಾನವೂ ಇಲ್ಲ.

ಸೆಮಿ ಓಪನ್ ಎಂಬುದಕ್ಕೆ ಒಂದು ಕಟ್ಟುನಿಟ್ಟಾದ ವ್ಯಾಖ್ಯಾನವಿಲ್ಲ. ಜಾಲರಿಯನ್ನು ಕಿರಿದಾಗಿಸಿ ತುಸು ಬೇಸ್ ಉಳಿಸಿಕೊಂಡದ್ದು ಎಂದಿಟ್ಟುಕೊಳ್ಳಬಹುದು. ಸದ್ದು ಮಾತ್ರ ಇದರಲ್ಲಿಯೂ ಹೊರಗೆ ಸೋರುತ್ತದೆ. 1947ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಎಕೆಜಿ ಕಂಪನಿಯ ಕೆ 240 ಸ್ಟುಡಿಯೊ ಈ ಬಗೆಯ ಪ್ರಸಿದ್ಧ ಮಾದರಿ: 55 ಓಮ್, ತಲೆಯ ಅಳತೆಗೆ ತಾನೇ ಹೊಂದಿಕೊಳ್ಳುವ ಪಟ್ಟಿ, ಕಳಚಬಹುದಾದ ಕೇಬಲ್. ನಿಮ್ಮ ಮೊತ್ತಕ್ಕೆ ಅದು ಎಟುಕದಿದ್ದರೆ ತೈವಾನಿನ ಸೂಪರ್‌ಲಕ್ಸ್ ಎಚ್‌ಡಿ 681 ಇದೆ. ಅದರ ನಾದ ಬೆಲೆಗೆ ಮೀರಿದ್ದು, ಆದರೆ ತಾರದಲ್ಲಿ ಚೂಪು ಹೆಚ್ಚು. ಫೋನಿನಲ್ಲಿ ಮಂದ್ರ ತಾರಗಳ ಮಟ್ಟವನ್ನು ಹೊಂದಿಸುವ ಈಕ್ವಲೈಸರಿನಲ್ಲಿ 8 ಕಿಲೋಹರ್ಟ್ಜ್ ಆಸುಪಾಸನ್ನು ಸ್ವಲ್ಪ ಇಳಿಸಿದರೆ ಲತಾ ಅವರ ಕಂಠ ಕಿವಿಗೆ ಚುಚ್ಚುವುದು ನಿಲ್ಲುತ್ತದೆ. ಮೂರನೆಯ ದಾರಿಯೂ ಒಂದಿದೆ. ಅಮೆರಿಕದ ಕಾಸ್ ಕಂಪನಿ 1984ರಲ್ಲಿ ತಂದ ಪೋರ್ಟಾ ಪ್ರೊ ಇಂದಿಗೂ ಬಹುತೇಕ ಅದೇ ರೂಪದಲ್ಲಿ ಮಾರಾಟವಾಗುತ್ತಿದೆ. ನೋಡಲು ಆಟಿಕೆಯಂತಿದೆ, ಕಿವಿಯ ಮೇಲೆ ಸುಮ್ಮನೆ ಕೂರುತ್ತದೆ, ತೆರೆದ ಬಗೆಯಾಗಿದ್ದರೂ ಬೇಸ್ ಕೊಡುವುದರಲ್ಲಿ ಜಿಪುಣತನ ಮಾಡುವುದಿಲ್ಲ. ನಿಮ್ಮ ವಯಸ್ಸಿಗೂ ಬೇಡಿಕೆಗೂ ನಾನು ಸೂಚಿಸುವುದು ಅದನ್ನೇ.

ಪ್ರಶ್ನೆ: ನಮ್ಮದು ಉಡುಪಿಯ ಬಳಿ. ಪ್ರತಿ ಮಳೆಗಾಲಕ್ಕೂ ಹೆಡ್‌ಫೋನಿನ ಇಯರ್ ಪ್ಯಾಡ್‌ನ ಕಪ್ಪು ಸಿಪ್ಪೆ ಸುಲಿದು ಕೆನ್ನೆಗೆಲ್ಲ ಅಂಟಿಕೊಳ್ಳುತ್ತದೆ. ಓಪನ್ ಬ್ಯಾಕ್ ಆದರೆ ಇನ್ನೂ ಬೇಗ ಕೆಡುವುದಿಲ್ಲವೇ?

ಉತ್ತರ: ಸುಲಿಯುವುದು ಕೃತಕ ಚರ್ಮ, ತೇವವೂ ಬೆವರೂ ಸೇರಿ ಅದರ ಮೇಲಿನ ಪದರವನ್ನು ಬಟ್ಟೆಯಿಂದ ಬಿಡಿಸುತ್ತವೆ. ಓಪನ್ ಬ್ಯಾಕ್ ಮಾದರಿಗಳಲ್ಲಿ ಹಲವಕ್ಕೆ ಮಖಮಲ್ಲಿನಂಥ ಬಟ್ಟೆಯ ಪ್ಯಾಡ್ ಇರುವುದರಿಂದ ಈ ತೊಂದರೆಯೇ ಬಾರದು. ಬೂಷ್ಟು ಹಿಡಿಯದಂತೆ ಬಿಸಿಲು ಬಂದ ದಿನ ಕಳಚಿ ಒಣಗಿಸಿದರೆ ಸಾಕು. ಕೊಳ್ಳುವ ಮೊದಲು ಪ್ಯಾಡನ್ನು ಕಳಚಲು ಬರುತ್ತದೆಯೇ ಎಂದು ವಿಚಾರಿಸಿಕೊಳ್ಳಿ. ನಾನು ಮೇಲೆ ಹೊಗಳಿದ ಫಿಲಿಪ್ಸ್ ಮಾದರಿ ಈ ಒಂದು ವಿಷಯದಲ್ಲಿ ಹಿಂದೆ: ಅದರ ಪ್ಯಾಡನ್ನು ಅಂಟಿಸಿರುತ್ತಾರೆ. ನಿಮಗೆ ಎಚ್‌ಡಿ 599 ವಾಸಿ. ಜಾಲರಿಯ ಮೂಲಕ ತೇವವೂ ಧೂಳೂ ಡ್ರೈವರನ್ನು ತಲಪುವುದು ನಿಜವಾದ್ದರಿಂದ, ಕೇಳಿ ಮುಗಿದೊಡನೆ ಮೊಳೆಗೆ ನೇತುಹಾಕದೆ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದೆರಡು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಕ್ಯಾಮೆರಾ ಇರುವ ಮನೆಗಳಲ್ಲಿ ಕರಾವಳಿಯವರಿಗೆ ಈ ಪದ್ಧತಿ ಹೊಸದೇನಲ್ಲ.

ಪ್ರಶ್ನೆ: ಹೊಸ ಹೆಡ್‌ಫೋನನ್ನು ನೂರು ಗಂಟೆ ಹಾಡಿಸಿ ‘ಪಳಗಿಸಬೇಕು’ ಎನ್ನುತ್ತಾರೆ. ನಿಜವೇ?

ಉತ್ತರ: ಪಳಗುವುದು ಹೆಚ್ಚಾಗಿ ಕೇಳುವವರ ಕಿವಿ. ಕೊಂಡ ದಿನದಿಂದಲೇ ಕೇಳಿ. ಇಷ್ಟವಾಗದಿದ್ದರೆ ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಹಿಂದಿರುಗಿಸಿ. ನೂರು ಗಂಟೆ ಕಾದರೆ ಆ ಅವಧಿ ಮುಗಿದಿರುತ್ತದೆ.

ಪ್ರಶ್ನೆ: ನಮ್ಮ ಮಾವನವರಿಗೆ 72 ವರ್ಷ. ನನ್ನ ಮಗಳು ಅವರಿಗೆ ಓಪನ್ ಬ್ಯಾಕ್ ಹೆಡ್‌ಫೋನ್ ತಂದುಕೊಟ್ಟ ಮೇಲೆ ದಿನಕ್ಕೆ ಮೂರು ಗಂಟೆ ದಾಸರ ಪದಗಳನ್ನು ಕೇಳುತ್ತಾರೆ. ವಾಲ್ಯೂಮ್ ಎಷ್ಟಿರುತ್ತದೆಂದರೆ ಅಡುಗೆಮನೆಯಲ್ಲಿ ನಾನೂ ಜೊತೆಗೆ ಹಾಡಬಹುದು. ಕಿವಿಗೆ ಅಪಾಯವಿಲ್ಲವೇ?

ಉತ್ತರ: ಅಡುಗೆಮನೆಯವರೆಗೂ ಕೇಳಿಸುತ್ತಿದ್ದರೆ ಅಪಾಯವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ವಯಸ್ಕರು ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್ ಕೇಳಬಹುದು. ಅದು 90ಕ್ಕೆ ಏರಿದರೆ ವಾರಕ್ಕೆ 4 ಗಂಟೆ ಮಾತ್ರ. ನಿಮ್ಮ ಮಾವನವರು ವಾರಕ್ಕೆ 21 ಗಂಟೆ ಕೇಳುತ್ತಾರೆ. ಅವರು ಕೇಳುವಾಗ ಫ್ಯಾನ್ ತಿರುಗುತ್ತಿರುತ್ತದೆಯೇ, ಟಿ.ವಿ. ನಡೆಯುತ್ತಿರುತ್ತದೆಯೇ ಎಂದು ಒಮ್ಮೆ ಗಮನಿಸಿ. ಈ ಹೆಡ್‌ಫೋನ್ ಹೊರಗಿನ ಸದ್ದನ್ನು ತಡೆಯದಿರುವುದರಿಂದ ಅದನ್ನು ಮೀರಿಸಲು ಕೈ ತಾನಾಗಿಯೇ ವಾಲ್ಯೂಮಿನ ಕಡೆಗೆ ಹೋಗುತ್ತದೆ. ಟಿ.ವಿ. ಇಲ್ಲದ ಕೋಣೆಯಲ್ಲಿ ಕುರ್ಚಿ ಹಾಕಿಕೊಟ್ಟು, ಫ್ಯಾನನ್ನು ಎರಡಕ್ಕೆ ಇಳಿಸಿ ನೋಡಿ. ವಾಲ್ಯೂಮ್ ಎಷ್ಟು ಇಳಿಯುತ್ತದೆಂದು ಅವರಿಗೇ ತಿಳಿಯುತ್ತದೆ.

ಹಾಗೆ ಮಾಡಿದರೂ ಇಳಿಯದಿದ್ದರೆ ಕಿವಿಯ ವೈದ್ಯರಲ್ಲಿ ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಿ. ವಯಸ್ಸಾದಂತೆ ಮೊದಲು ಮಂದವಾಗುವುದು ತಾರದ ಸದ್ದುಗಳು; ಸಾಹಿತ್ಯದ ‘ಸ’, ‘ಷ’, ‘ತ’ ಅಕ್ಷರಗಳು ಸ್ಪಷ್ಟವಾಗಿ ಕೇಳದಿದ್ದಾಗ ಹಿರಿಯರು ಇಡೀ ಹಾಡನ್ನೇ ಜೋರು ಮಾಡುತ್ತಾರೆ. ಶ್ರವಣಯಂತ್ರ ಬೇಕೆಂದು ವೈದ್ಯರು ಹೇಳಿದರೂ ಮೊಮ್ಮಗಳ ಉಡುಗೊರೆ ವ್ಯರ್ಥವಾಗುವುದಿಲ್ಲ. ಕಿವಿಯನ್ನು ಪೂರ್ತಿ ಸುತ್ತುವರಿಯುವ ದೊಡ್ಡ ಬಟ್ಟಲಿನ ಓಪನ್ ಬ್ಯಾಕ್ ಹೆಡ್‌ಫೋನನ್ನು ಕಿವಿಯ ಹಿಂದೆ ಕೂರುವ ಯಂತ್ರದ ಮೇಲೆಯೇ ಧರಿಸಬಹುದು, ಮುಚ್ಚಿದ ಬಗೆಯಲ್ಲಿ ಏಳುವ ಸೀಟಿಯ ಕಾಟವೂ ಇದರಲ್ಲಿ ಕಡಿಮೆ. ಪರೀಕ್ಷೆಗೆ ಹೋಗುವಾಗ ಆ ಹೆಡ್‌ಫೋನನ್ನೂ ಫೋನನ್ನೂ ಜೊತೆಗೆ ಕೊಂಡೊಯ್ದು, ಮಾವನವರು ಎಂದಿನಂತೆ ಕೇಳುವ ಮಟ್ಟವನ್ನು ತೋರಿಸಿ.