ತಾಕುವ ಮೊದಲೇ ನಿಂತುಹೋಗುವ ಲೆಕ್ಕ

ಪ್ರಶ್ನೆ: ಬ್ರಾಕೆಟ್‌ನ ರಂಧ್ರದೊಳಗೆ ಕೂತಿರುವ ಉಕ್ಕಿನ ಪಿನ್ನಿನ ಮೇಲೆ ಬಲ ಹಾಕಿ, ಫೈನೈಟ್ ಎಲಿಮೆಂಟ್ ತಂತ್ರಾಂಶದಲ್ಲಿ (ಭಾಗವನ್ನು ಎಲಿಮೆಂಟ್ ಎಂಬ ಸಣ್ಣ ತುಣುಕುಗಳಾಗಿ ಒಡೆದು ಲೆಕ್ಕ ಹಾಕುವ ತಂತ್ರಾಂಶ) ಸ್ಥಿರ ವಿಶ್ಲೇಷಣೆ ಮಾಡುತ್ತಿದ್ದೇನೆ. ಪಿನ್ನಿನ ತ್ರಿಜ್ಯ 10 ಮಿ.ಮೀ., ರಂಧ್ರದ ತ್ರಿಜ್ಯ 10.02 ಮಿ.ಮೀ. ಇವೆರಡರ ನಡುವೆ ಘರ್ಷಣೆ ಇರುವ ಕಾಂಟ್ಯಾಕ್ಟ್ (ಮೇಲ್ಮೈಗಳು ತಾಕುವುದನ್ನು ಲೆಕ್ಕಕ್ಕೆ ತಿಳಿಸುವ ನಿಯಮ) ಕೊಟ್ಟಿದ್ದೇನೆ. ಮೊದಲ ಹೆಜ್ಜೆಯಲ್ಲೇ ಸಾಲ್ವರ್ (ಸಮೀಕರಣಗಳನ್ನು ಬಿಡಿಸುವ ಭಾಗ) ನಿಲ್ಲುತ್ತದೆ, ಫಲಿತಾಂಶ ತೆರೆದರೆ ಪಿನ್ ಎಲ್ಲೋ ದೂರ ಹಾರಿಹೋದಂತೆ ಕಾಣುತ್ತದೆ. ಬಲವನ್ನು ಇನ್ನಷ್ಟು ಸಣ್ಣ ಹೆಜ್ಜೆಗಳಾಗಿ ಒಡೆದರೂ ಪ್ರಯೋಜನವಾಗಲಿಲ್ಲ. ತಪ್ಪು ಎಲ್ಲಿದೆ?

ಉತ್ತರ: ಹೆಜ್ಜೆ ಸಣ್ಣದು ಮಾಡಿದರೂ ಪ್ರಯೋಜನವಾಗಲಿಲ್ಲ ಎಂಬ ನಿಮ್ಮ ಮಾತಿನಲ್ಲೇ ಉತ್ತರದ ಸುಳಿವಿದೆ. ಎರಡು ಮೇಲ್ಮೈಗಳು ತಾಕಿದ ನಂತರವಷ್ಟೇ ಕಾಂಟ್ಯಾಕ್ಟ್ ಬಲವನ್ನು ದಾಟಿಸುತ್ತದೆ. ಅಲ್ಲಿಯವರೆಗೆ ನಿಮ್ಮ ಪಿನ್ನನ್ನು ಯಾವುದೂ ಹಿಡಿದಿಲ್ಲ, ಆದ್ದರಿಂದ ಅದರ ಸ್ಟಿಫ್‌ನೆಸ್ (ಸರಿಯದಂತೆ ಬಲವನ್ನು ಎದುರಿಸುವ ಬಿಗುವು) ಸೊನ್ನೆ. ಸೊನ್ನೆ ಸ್ಟಿಫ್‌ನೆಸ್ ಇರುವ ವಸ್ತುವಿನ ಮೇಲೆ ಒಂದು ಸಾವಿರ ನ್ಯೂಟನ್ ಹಾಕಿದರೂ ಒಂದು ನ್ಯೂಟನ್ ಹಾಕಿದರೂ ಅದು ಅಷ್ಟೇ ನಿರಾತಂಕವಾಗಿ ಓಡಿಹೋಗುತ್ತದೆ.

ಯಾವ ಭಾಗ ಬಿಡಿಯಾಗಿದೆ ಎಂದು ತಿಳಿಯಲು ಅದೇ ಮಾದರಿಯ ಮೇಲೆ ಮೋಡಲ್ ವಿಶ್ಲೇಷಣೆ (ಭಾಗಗಳು ಸಹಜವಾಗಿ ಯಾವ ಆವರ್ತನದಲ್ಲಿ ಕಂಪಿಸುತ್ತವೆ ಎಂದು ಕಾಣುವ ಲೆಕ್ಕ) ನಡೆಸುವುದು ನನಗೆ ತೋಚುವ ಅತಿ ಸುಲಭದ ಉಪಾಯ. ಅಲ್ಲಿ ಕಾಂಟ್ಯಾಕ್ಟ್ ಆರಂಭದ ಸ್ಥಿತಿಯಲ್ಲೇ ಸ್ಥಗಿತವಾಗಿರುವುದರಿಂದ, ತಾಕದೆ ಉಳಿದಿರುವ ಭಾಗ ಸೊನ್ನೆಗೆ ಹತ್ತಿರದ ಆವರ್ತನದಲ್ಲಿ ಅಲ್ಲಾಡುವುದನ್ನು ಅನಿಮೇಷನ್‌ನಲ್ಲಿ ಕಣ್ಣಾರೆ ನೋಡಬಹುದು. ಪಿನ್ ಕೆಳಕ್ಕೆ ಜಾರುವುದಷ್ಟೇ ಅಲ್ಲ, ಅಕ್ಷದುದ್ದಕ್ಕೆ ಸರಿಯುವುದು ಮತ್ತು ಅಕ್ಷದ ಸುತ್ತ ತಿರುಗುವುದು ಕೂಡ ಬಿಡಿ ಚಲನೆಗಳೇ. ಘರ್ಷಣೆ ಕೊಟ್ಟಿದ್ದೇನಲ್ಲ ಎಂದು ನೀವು ಕೇಳಬಹುದು. ಮೇಲ್ಮೈಗಳ ನಡುವೆ ಒತ್ತಡವಿಲ್ಲದಿದ್ದರೆ ಘರ್ಷಣೆಯೂ ಇಲ್ಲ.

ಪರಿಹಾರಗಳಲ್ಲಿ ನಾನು ಮೊದಲು ಸೂಚಿಸುವುದು ಇದನ್ನು: ಮೊದಲ ಹಂತದಲ್ಲಿ ಬಲದ ಬದಲು ಸ್ಥಾನಪಲ್ಲಟವನ್ನೇ ಕೊಟ್ಟು ಪಿನ್ನನ್ನು 0.02 ಮಿ.ಮೀ.ಗಿಂತ ತುಸು ಹೆಚ್ಚು ಕೆಳಗೆ ತಳ್ಳಿ, ತಾಕಿದ್ದು ಖಚಿತವಾದ ಮೇಲೆ ಎರಡನೆಯ ಹಂತದಲ್ಲಿ ಆ ನಿರ್ಬಂಧವನ್ನು ತೆಗೆದು ಬಲವನ್ನು ಹಾಕಿ. ಸಮ್ಮಿತಿಯ ಸಮತಲವಿದ್ದರೆ ಅದನ್ನು ಬಳಸಿಕೊಂಡು ಅಕ್ಷದ ದಿಕ್ಕಿನ ಚಲನೆಯನ್ನು ಕಟ್ಟಿಹಾಕಬಹುದು. ದುರ್ಬಲ ಸ್ಪ್ರಿಂಗ್‌ಗಳ ಆಯ್ಕೆಯೂ ಇದೆ, ಆದರೆ ಕೊನೆಯಲ್ಲಿ ಆ ಸ್ಪ್ರಿಂಗ್‌ಗಳು ಹೊತ್ತ ಬಲ ಒಟ್ಟು ಬಲದ ಮುಂದೆ ನಗಣ್ಯವಾಗಿದೆಯೇ ಎಂದು ನೋಡದೆ ಫಲಿತಾಂಶವನ್ನು ಯಾರ ಕೈಗೂ ಕೊಡಬೇಡಿ.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ, ಆದರೆ ಮುಂದೆ ಅದೇ ನಿಮ್ಮನ್ನು ಕಾಡುವ ಸಾಧ್ಯತೆ ಇದೆ. ವೃತ್ತವನ್ನು ಮೆಶ್ ಮಾಡಿದಾಗ, ಅಂದರೆ ಎಲಿಮೆಂಟ್‌ಗಳಾಗಿ ಒಡೆದಾಗ, ಅದು ಬಹುಭುಜವಾಗುತ್ತದೆ. ರಂಧ್ರದ ಸುತ್ತ 36 ಎಲಿಮೆಂಟ್‌ಗಳನ್ನು ಇಟ್ಟರೆ ಒಂದೊಂದೂ 10 ಡಿಗ್ರಿ ಆವರಿಸುತ್ತದೆ, ನೇರ ಅಂಚಿನ ಎಲಿಮೆಂಟ್‌ನ ನಡುಭಾಗ ನಿಜವಾದ ವೃತ್ತಕ್ಕಿಂತ ಸುಮಾರು 0.038 ಮಿ.ಮೀ. ಒಳಕ್ಕೆ ಬರುತ್ತದೆ. ಅಂದರೆ 10.02 ಇರಬೇಕಾದಲ್ಲಿ ತ್ರಿಜ್ಯ 9.982 ಆಗಿರುತ್ತದೆ. ಆ ಜಾಗದ ಎದುರಿಗೆ ಪಿನ್ನಿನ ನೋಡ್ (ಎಲಿಮೆಂಟ್‌ಗಳು ಕೂಡುವ ಬಿಂದು) ಬಂದರೆ, ನೀವು ನಕ್ಷೆಯಲ್ಲಿ ಕೊಟ್ಟ ಸಡಿಲು ಮಾಯವಾಗಿ 0.018 ಮಿ.ಮೀ. ಒಳನುಗ್ಗುವಿಕೆಯೇ ಆರಂಭದ ಸ್ಥಿತಿಯಾಗುತ್ತದೆ, ಬಲ ಹಾಕುವ ಮೊದಲೇ ಒತ್ತಡ ಕಾಣಿಸಿಕೊಳ್ಳುತ್ತದೆ. ಸುತ್ತಲೂ 90 ಎಲಿಮೆಂಟ್ ಇಟ್ಟರೆ ಈ ದೋಷ 0.006 ಮಿ.ಮೀ.ಗೆ ಇಳಿಯುತ್ತದೆ. ನಡುವಿನ ನೋಡ್‌ಗಳು ವಕ್ರರೇಖೆಯ ಮೇಲೆಯೇ ಕೂರುವ ಎರಡನೆಯ ದರ್ಜೆಯ ಎಲಿಮೆಂಟ್‌ಗಳೂ ನೆರವಾಗುತ್ತವೆ. ಹೀಗಾಗಿ ಸಾಲ್ವರ್‌ನ ಆಯ್ಕೆಗಳಿಗೆ ಕೈಹಾಕುವ ಮುನ್ನ, ಆರಂಭದ ಅಂತರವನ್ನೂ ಒಳನುಗ್ಗುವಿಕೆಯನ್ನೂ ತೋರಿಸುವ ಪಟ್ಟಿಯನ್ನು ತೆರೆದು ಓದಿ. ಅಲ್ಲಿ ಕಾಣುವುದು ಮೆಶ್‌ನ ಅಂತರ, ನಕ್ಷೆಯದ್ದಲ್ಲ.

ಪ್ರಶ್ನೆ: ಕಾಂಟ್ಯಾಕ್ಟ್ ಸ್ಟಿಫ್‌ನೆಸ್ ತಗ್ಗಿಸಿದರೆ ನನ್ನ ಲೆಕ್ಕ ಸುಲಲಿತವಾಗಿ ಮುಗಿಯುತ್ತದೆ. ಹಾಗೆ ಮಾಡುವುದು ಸರಿಯೇ?

ಉತ್ತರ: ಎಷ್ಟು ತಗ್ಗಿಸಿದ್ದೀರಿ ಮತ್ತು ಯಾವ ಫಲಿತಾಂಶ ನಿಮಗೆ ಬೇಕು ಎಂಬುದರ ಮೇಲೆ ಅದು ನಿಂತಿದೆ. ಪೆನಾಲ್ಟಿ ವಿಧಾನದಲ್ಲಿ ಒಂದು ಮೇಲ್ಮೈ ಇನ್ನೊಂದರೊಳಗೆ ತುಸು ನುಗ್ಗಲು ಬಿಟ್ಟು, ನುಗ್ಗಿದ ಅಳತೆಯನ್ನು ಸ್ಟಿಫ್‌ನೆಸ್‌ನಿಂದ ಗುಣಿಸಿ ಒತ್ತಡವನ್ನು ಕಂಡುಕೊಳ್ಳುತ್ತಾರೆ. ಸ್ಟಿಫ್‌ನೆಸ್ ಹೆಚ್ಚಿದರೆ ನುಗ್ಗುವಿಕೆ ಕಡಿಮೆಯಾಗುತ್ತದೆ, ಆದರೆ ನೋಡ್‌ಗಳು ಒಂದು ಸುತ್ತಿನಲ್ಲಿ ತಾಕಿ ಮುಂದಿನ ಸುತ್ತಿನಲ್ಲಿ ಬಿಟ್ಟು ಲೆಕ್ಕ ಕನ್ವರ್ಜ್ ಆಗದೆ (ಒಂದು ಉತ್ತರಕ್ಕೆ ಬಂದು ನಿಲ್ಲದೆ) ತೊಯ್ದಾಡುತ್ತದೆ. ತೆಳು ತಗಡು ಬಾಗುವಂಥ ಸಮಸ್ಯೆಗಳಲ್ಲಿ ಆನ್ಸಿಸ್ ತಂತ್ರಾಂಶದ ಕಾಂಟ್ಯಾಕ್ಟ್ ಸ್ಟಿಫ್‌ನೆಸ್ ಗುಣಕವನ್ನು 1ರ ಬದಲು 0.1ಕ್ಕೆ ಇಳಿಸುವುದು ಒಪ್ಪಿತ ಕ್ರಮವೇ ಆಗಿದೆ.

ಆದರೆ ನುಗ್ಗುವಿಕೆಯನ್ನು ಬಿಡಿಭಾಗದ ಗಾತ್ರದೊಂದಿಗೆ ಹೋಲಿಸಿ ನೋಡುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಬಿಗಿಯಾಗಿ ಕೂರಿಸುವ ಶಾಫ್ಟ್ ಮತ್ತು ಹಬ್‌ನ ಜೋಡಣೆಯಲ್ಲಿ ತ್ರಿಜ್ಯದ ಬಿಗಿ 0.03 ಮಿ.ಮೀ. ಇದೆ ಎನ್ನಿ. ಅಲ್ಲಿ 0.003 ಮಿ.ಮೀ. ನುಗ್ಗುವಿಕೆ ನೋಡಲು ಅತ್ಯಲ್ಪವಾದರೂ ಬಿಗಿಯ ಹತ್ತನೆಯ ಒಂದು ಭಾಗವನ್ನು ಅದು ತಿಂದುಹಾಕಿದೆ, ಒತ್ತಡವೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಕುಸಿದಿರುತ್ತದೆ. ಸ್ಟಿಫ್‌ನೆಸ್ ಅನ್ನು ಹತ್ತು ಪಟ್ಟು ಏರಿಸಿ ಮತ್ತೊಮ್ಮೆ ಓಡಿಸಿ. ನಿಮಗೆ ಬೇಕಾದ ಸಂಖ್ಯೆ ಗಮನಾರ್ಹವಾಗಿ ಬದಲಾಗದಿದ್ದರೆ ಮಾತ್ರ ತಗ್ಗಿಸಿದ ಮೌಲ್ಯವನ್ನು ಉಳಿಸಿಕೊಳ್ಳಬಹುದು.

ಪ್ರಶ್ನೆ: ಮೆಶ್ ಸಣ್ಣದು ಮಾಡಿದಂತೆಲ್ಲ ಸಂಪರ್ಕದ ಗರಿಷ್ಠ ಒತ್ತಡ ಏರುತ್ತಲೇ ಹೋಗುತ್ತದೆ. ಯಾವ ಮೌಲ್ಯವನ್ನು ನಂಬಲಿ?

ಉತ್ತರ: ಮೊದಲು ಗರಿಷ್ಠ ಒತ್ತಡ ಎಲ್ಲಿದೆ ಎಂದು ನೋಡಿ. ಚೂಪಾದ ಮೂಲೆಯಿರುವ ಗಟ್ಟಿ ವಸ್ತು ಸ್ಥಿತಿಸ್ಥಾಪಕ ಮೇಲ್ಮೈಯನ್ನು ಒತ್ತುವಲ್ಲಿ, ಸಿದ್ಧಾಂತದ ಪ್ರಕಾರವೇ ಅಂಚಿನ ಒತ್ತಡಕ್ಕೆ ಮಿತಿಯಿಲ್ಲ. ಅಲ್ಲಿ ಮೆಶ್ ಎಷ್ಟು ಸಣ್ಣದಾದರೂ ಉತ್ತರ ನಿಲ್ಲುವುದಿಲ್ಲ, ನಿಜವಾದ ಭಾಗದಲ್ಲಿ ಇರುವಷ್ಟೇ ದುಂಡನೆಯನ್ನು ಮೂಲೆಗೆ ಕೊಡಬೇಕು.

ದುಂಡು ಮೇಲ್ಮೈಗಳಾದರೆ ಉತ್ತರ ಒಂದೆಡೆ ನಿಲ್ಲಲೇಬೇಕು. ಎಲ್ಲಿ ನಿಲ್ಲಬೇಕೆಂದು ಹೇಳಲು 1882ರಲ್ಲಿ ಹೈನ್ರಿಚ್ ಹರ್ಟ್ಸ್ ಪ್ರಕಟಿಸಿದ ಸೂತ್ರಗಳು ಇಂದಿಗೂ ಸಾಕು. 10 ಮಿ.ಮೀ. ತ್ರಿಜ್ಯದ ಉಕ್ಕಿನ ಗುಂಡನ್ನು ಉಕ್ಕಿನ ಸಮತಟ್ಟಾದ ದಿಮ್ಮಿಯ ಮೇಲೆ 100 ನ್ಯೂಟನ್ ಬಲದಿಂದ ಒತ್ತಿದರೆ, ಸಂಪರ್ಕವೃತ್ತದ ತ್ರಿಜ್ಯ ಸುಮಾರು 0.19 ಮಿ.ಮೀ., ನಡುವಿನ ಗರಿಷ್ಠ ಒತ್ತಡ ಸುಮಾರು 1,370 ಮೆಗಾಪಾಸ್ಕಲ್. 1 ಮಿ.ಮೀ. ಎಲಿಮೆಂಟ್ ಬಳಸಿದವರಿಗೆ ಇಡೀ ಸಂಪರ್ಕವೃತ್ತವೇ ಒಂದು ಎಲಿಮೆಂಟ್‌ನೊಳಗೆ ಅಡಗಿಹೋಗುತ್ತದೆ, ಆಗ ಬರುವ ಸಂಖ್ಯೆಗೆ ಅರ್ಥವಿಲ್ಲ. ಆ ತ್ರಿಜ್ಯದೊಳಗೆ ಎಂಟು ಹತ್ತು ಎಲಿಮೆಂಟ್‌ಗಳಾದರೂ ಇರಲಿ, ಆಳದ ದಿಕ್ಕಿನಲ್ಲೂ ಅಷ್ಟೇ ಸಣ್ಣವಿರಲಿ. ಏಕೆಂದರೆ ಈ ಉದಾಹರಣೆಯಲ್ಲಿ ಅತಿ ಹೆಚ್ಚಿನ ಶಿಯರ್ (ಪದರಗಳನ್ನು ಒಂದರ ಮೇಲೊಂದು ಜಾರಿಸುವ ಒತ್ತಡ) ಕಾಣಿಸಿಕೊಳ್ಳುವುದು ಮೇಲ್ಮೈಯಲ್ಲಲ್ಲ, ಅದರಿಂದ ಸುಮಾರು 0.09 ಮಿ.ಮೀ. ಕೆಳಗೆ.

ಪ್ರಶ್ನೆ: ಘರ್ಷಣಾಂಕ 0.1 ಇದ್ದಾಗ ಮುಗಿಯುವ ಲೆಕ್ಕ 0.4 ಮಾಡಿದಾಗ ಕನ್ವರ್ಜ್ ಆಗುವುದಿಲ್ಲ. ಏಕೆ?

ಉತ್ತರ: ಜಾರುವ ಘರ್ಷಣೆ ಸ್ಟಿಫ್‌ನೆಸ್ ಮ್ಯಾಟ್ರಿಕ್ಸ್‌ನ (ಬಲವನ್ನೂ ಸ್ಥಾನಪಲ್ಲಟವನ್ನೂ ಬೆಸೆಯುವ ಸಂಖ್ಯೆಗಳ ಕೋಷ್ಟಕದ) ಸಮ್ಮಿತಿಯನ್ನು ಕೆಡಿಸುತ್ತದೆ. ಘರ್ಷಣಾಂಕ ಸಣ್ಣದಿದ್ದಾಗ ಸಾಲ್ವರ್ ಆ ಅಸಮ್ಮಿತಿಯನ್ನು ಕಡೆಗಣಿಸಿಯೂ ದಡ ಸೇರುತ್ತದೆ, ದೊಡ್ಡದಾದಾಗ ಆಗುವುದಿಲ್ಲ. ಅಬಾಕಸ್ ತಂತ್ರಾಂಶ 0.2ಕ್ಕಿಂತ ಹೆಚ್ಚಿನ ಘರ್ಷಣಾಂಕ ಕಂಡೊಡನೆ ಅಸಮ್ಮಿತ ಸಾಲ್ವರ್‌ಗೆ ತಾನಾಗಿಯೇ ಬದಲಾಗುತ್ತದೆ. ನಿಮ್ಮ ತಂತ್ರಾಂಶದಲ್ಲಿ ಆ ಆಯ್ಕೆಯನ್ನು ಕೈಯಾರೆ ಕೊಡಬೇಕಾಗಬಹುದು. ಮೆಮೊರಿ ಹೆಚ್ಚು ಬೇಕಾಗುತ್ತದೆ, ಒಂದೊಂದು ಸುತ್ತಿಗೂ ಸಮಯ ಹೆಚ್ಚು ಹಿಡಿಯುತ್ತದೆ, ಆದರೆ ಸುತ್ತುಗಳ ಸಂಖ್ಯೆ ಇಳಿಯುವುದರಿಂದ ಒಟ್ಟಾರೆ ಬೇಗ ಮುಗಿಯುವುದೇ ಹೆಚ್ಚು.