ಓದುಗರ ಪ್ರಶ್ನೋತ್ತರ: ‘ನಿಮಗೆ ಏನು ಬೇಕು?’ ಎಂದು ಕೇಳಿದ ಕಂತು

ಪ್ರಶ್ನೆ: ‘ಬ್ಯಾಬಿಲಾನ್ 5’ ಎಂಬ ವೈಜ್ಞಾನಿಕ ಕಾಲ್ಪನಿಕ ಟಿ.ವಿ. ಸರಣಿ ನೋಡಲು ಶುರು ಮಾಡಿ ಆರು ಕಂತು ಮುಗಿಯಿತು. ಒಂದಕ್ಕೊಂದು ಸಂಬಂಧವೇ ಇಲ್ಲದಂತಿದೆ. 13ನೇ ಕಂತಿನಿಂದ ಕಥೆ ಬೇರೆಯೇ ಆಗುತ್ತದೆ ಎನ್ನುತ್ತಾರೆ. ನೇರವಾಗಿ ಅಲ್ಲಿಗೇ ಹೋಗಬಹುದೇ?
— ಓದುಗರು, ಕಟಪಾಡಿ

ಉತ್ತರ: ಹೋಗಬೇಡಿ. ನಮ್ಮ ಊರಿನವರಿಗೆ ಇದನ್ನು ವಿವರಿಸುವುದು ಸುಲಭ. ಯಕ್ಷಗಾನದಲ್ಲಿ ಪಾತ್ರಗಳ ಒಡ್ಡೋಲಗ ಆಗದೆ ಪ್ರಸಂಗ ಬಿಗಿಯಾಗುವುದಿಲ್ಲ. ಮೊದಲ 12 ಕಂತುಗಳು ಅಂಥ ಒಡ್ಡೋಲಗ. ಬಾಹ್ಯಾಕಾಶ ನಿಲ್ದಾಣದಲ್ಲಿ ಬೀಡುಬಿಟ್ಟ ರಾಯಭಾರಿಗಳು ಯಾರು, ಯಾರಿಗೆ ಯಾರ ಮೇಲೆ ಹಗೆ, ಯಾರ ಸಾಮ್ರಾಜ್ಯ ಇಳಿಮುಖವಾಗಿದೆ ಎಂಬುದೆಲ್ಲ ಅಲ್ಲಿ ನಿಧಾನವಾಗಿ ಬರುತ್ತದೆ. 13ನೆಯದು ಆ ಪರಿಚಯವನ್ನೆಲ್ಲ ಒಮ್ಮೆಗೇ ದುಡಿಸಿಕೊಳ್ಳುತ್ತದೆ.

ಪುರುಸೊತ್ತು ಕಡಿಮೆಯಿದ್ದರೆ ಎರಡನ್ನು ಮಾತ್ರ ಬಿಡಬೇಡಿ. ಮೊದಲ ಕಂತಿನಲ್ಲಿ ಸೆಂಟಾರಿ ಮತ್ತು ನಾರ್ನ್ ಜನಾಂಗಗಳ ಹಳೆಯ ವೈರವೂ, ಸರಕು ಹಡಗುಗಳನ್ನು ದೋಚುವ ಬಾಹ್ಯಾಕಾಶ ದರೋಡೆಕೋರರೂ ಬರುತ್ತಾರೆ. ಮಿನ್ಬಾರಿ ಎಂಬ ಅನ್ಯಗ್ರಹದ ಜನಾಂಗಕ್ಕೂ ಭೂಮಿಗೂ ನಡೆದ ಯುದ್ಧದ ಕೊನೆಯ ಕಾಳಗದಲ್ಲಿ ನಿಲ್ದಾಣದ ಕಮಾಂಡರ್ ಸಿಂಕ್ಲೇರ್‌ನ ನೆನಪಿನಿಂದ 24 ಗಂಟೆ ಅಳಿಸಿಹೋಗಿರುವ ವಿಷಯ 8ನೇ ಕಂತಿನದು. ಈ ಎಳೆಗಳೆಲ್ಲ 13ರಲ್ಲಿ ಮತ್ತೆ ಸಿಗುತ್ತವೆ.

ಆ ಕಂತಿನ ಹೆಸರು ‘ಸೈನ್ಸ್ ಆ್ಯಂಡ್ ಪೋರ್ಟೆಂಟ್ಸ್’, ಅಂದರೆ ಶಕುನಗಳು, ಮುನ್ಸೂಚನೆಗಳು. ಇಡೀ ಮೊದಲ ಸೀಸನ್ನಿಗೂ ಅದೇ ಹೆಸರಿಟ್ಟಿದ್ದಾರೆ. ಪ್ರಸಾರವಾದದ್ದು 1994ರ ಮೇ ತಿಂಗಳಲ್ಲಿ. ಬರೆದವರು ಸರಣಿಯ ಕರ್ತೃ ಜೆ. ಮೈಕಲ್ ಸ್ಟ್ರಾಜಿನ್‌ಸ್ಕಿ, ನಿರ್ದೇಶನ ಜಾನೆಟ್ ಗ್ರೀಕ್. ಐದು ಸೀಸನ್, 110 ಕಂತು, ಒಂದೊಂದು ಸೀಸನ್ನಿಗೆ ಕಥೆಯೊಳಗಿನ ಒಂದೊಂದು ವರ್ಷ. ಮೊದಲ ಸೀಸನ್ ನಡೆಯುವುದು 2258ರಲ್ಲಿ. ಆ 110ರಲ್ಲಿ 92 ಕಂತುಗಳನ್ನು ಬರೆದದ್ದು ಸ್ಟ್ರಾಜಿನ್‌ಸ್ಕಿ ಒಬ್ಬರೇ. 13ರಲ್ಲಿ ಬಿತ್ತಿದ್ದು ಕೊನೆಯ ಸೀಸನ್ನಿನಲ್ಲಿ ಮೊಳೆಯುವುದು ಅದಕ್ಕೇ ಸಾಧ್ಯವಾಯಿತು.

ಪ್ರಶ್ನೆ: 13ನೇ ಕಂತು ನೋಡಿದೆ. ಆ ಮಾರ್ಡನ್ ಎಂಬಾತ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿ, ಕೊನೆಗೆ ಸೆಂಟಾರಿ ರಾಯಭಾರಿ ಲಾಂಡೋನನ್ನೇ ಆರಿಸಿಕೊಂಡದ್ದು ಯಾಕೆ? ಸೇಡಿನ ಕಿಚ್ಚು ಜಿಕಾರ್‌ನಲ್ಲೂ ಇತ್ತಲ್ಲ?
— ಓದುಗರು, ಮಂಗಳೂರು

ಉತ್ತರ: ಇಡೀ ಸರಣಿಯ ಕೀಲಿಕೈ ಇದೇ ಪ್ರಶ್ನೆ. ಇಲ್ಲಿಂದ ಮುಂದೆ ಕಂತಿನ ಕಥೆ ಬಯಲಾಗುತ್ತದೆ. ಇನ್ನೂ ನೋಡದವರು ಮುಂದಿನ ಪ್ರಶ್ನೆಗೆ ಹೋಗಿ.

ತಾಳಮದ್ದಳೆ ಕೇಳುವ ಕಿವಿಯಿಂದ ಈ ದೃಶ್ಯಗಳನ್ನು ಕೇಳಬೇಕು. ವೇಷವಿಲ್ಲ, ಕುಣಿತವಿಲ್ಲ, ಎಲ್ಲ ಮಾತಿನಲ್ಲೇ. ಎಡ್ ವಾಸರ್ ಮಾಡಿದ ಮಾರ್ಡನ್ ಅಚ್ಚುಕಟ್ಟಾದ ಸೂಟು ತೊಟ್ಟು, ನಗುಮುಖದಲ್ಲಿ ‘ನಿಮಗೆ ಏನು ಬೇಕು?’ ಎಂದಷ್ಟೇ ಕೇಳುತ್ತಾನೆ. ದನಿ ಏರಿಸುವುದಿಲ್ಲ, ಬೆದರಿಸುವುದಿಲ್ಲ.

ನಾರ್ನ್ ರಾಯಭಾರಿ ಜಿಕಾರ್ ಸೆಂಟಾರಿಗಳ ಸರ್ವನಾಶ ಕೇಳುತ್ತಾನೆ. ‘ಆಮೇಲೆ?’ ಎಂದರೆ ಅವನಲ್ಲಿ ಉತ್ತರವಿಲ್ಲ. ತನ್ನ ತಾಯ್ನೆಲ ಸುರಕ್ಷಿತವಾಗಿದ್ದರೆ ಸಾಕು. ಅಂದರೆ ಅವನ ಆಸೆಗೆ ಒಂದು ಗಡಿ ಇದೆ, ಸೇಡು ತೀರಿದ ದಿನ ಅವನು ನಿಂತುಬಿಡುತ್ತಾನೆ. ಮಾರ್ಡನ್‌ನ ಹಿಂದಿರುವವರಿಗೆ ನಿಲ್ಲುವವನಿಂದ ಪ್ರಯೋಜನವಿಲ್ಲ. ಮಿನ್ಬಾರಿ ರಾಯಭಾರಿ ಡೆಲೆನ್ ಉತ್ತರ ಕೊಡುವುದಿಲ್ಲ. ಅವಳ ಹಣೆಯ ಮೇಲೆ ತ್ರಿಕೋನವೊಂದು ಬೆಳಗುತ್ತದೆ, ಎದುರು ನಿಂತದ್ದು ಏನೆಂದು ಅವಳಿಗೆ ಗೊತ್ತಾಗುತ್ತದೆ, ಅವನನ್ನು ಹೊರಗೆ ಕಳಿಸುತ್ತಾಳೆ.

ಲಾಂಡೋ ಮೊದಲು ಸಿಡುಕಿ ತಪ್ಪಿಸಿಕೊಳ್ಳಲು ನೋಡುತ್ತಾನೆ. ಬಿಡದೆ ಕೇಳಿದಾಗ ಕಟ್ಟೆ ಒಡೆಯುತ್ತದೆ. ತನ್ನ ಜನ ಮತ್ತೆ ನಕ್ಷತ್ರಗಳನ್ನು ಆಳಬೇಕು, ಕಳೆದ ವೈಭವವೆಲ್ಲ ಹಾಗೇ ವಾಪಸು ಬರಬೇಕು. ಲಾಂಡೋನ ಪಾತ್ರಧಾರಿ ಪೀಟರ್ ಜುರಾಸಿಕ್ ಆ ಮಾತನ್ನು ಕೋಪದಿಂದ ಶುರು ಮಾಡಿ ದುಃಖದಲ್ಲಿ ಮುಗಿಸುವುದನ್ನು ಎರಡನೇ ಸಲ ನೋಡುವಾಗ ಗಮನಿಸಿ. ಅವನು ದುಷ್ಟನಲ್ಲ, ಅವನಿಗಿರುವುದು ಹಳೆಯ ಕಾಲದ ಹಂಬಲ. ಆದರೆ ಕಳೆದುಹೋದ ಕಾಲವನ್ನು ಎಷ್ಟು ಕೊಟ್ಟರೂ ಪೂರ್ತಿ ಹಿಂದಕ್ಕೆ ತರಲಾಗದು. ಅಂಥ ಆಸೆ ಇಟ್ಟುಕೊಂಡವನನ್ನು ಎಷ್ಟು ದೂರ ಬೇಕಾದರೂ ನಡೆಸಿಕೊಂಡು ಹೋಗಬಹುದು. ಆಯ್ಕೆಯ ಕಾರಣ ಇಷ್ಟೇ.

ಉಳಿದ ಘಟನೆಗಳು ಇದಕ್ಕೇ ಕಟ್ಟಿಕೊಂಡಿವೆ. ನಿಲ್ದಾಣದ ಪಹರೆ ವಿಮಾನಗಳನ್ನು ದರೋಡೆಕೋರರು ದೂರಕ್ಕೆ ಸೆಳೆಯುವುದು, ಸೆಂಟಾರಿಗಳ ಪುರಾತನ ರಾಜಚಿಹ್ನೆಯಾದ ‘ಕಣ್ಣ’ನ್ನು ಒಯ್ಯುವುದು, ಎಲ್ಲಿಂದಲೋ ಬಂದ ಕಪ್ಪು ನೌಕೆ ಅವರ ಹಡಗನ್ನು ಸೀಳಿ ಹಾಕುವುದು, ಆ ಚಿಹ್ನೆಯನ್ನು ಮಾರ್ಡನ್ ತಂದು ಲಾಂಡೋನ ಕೈಗಿಡುವುದು. ಲಾಂಡೋ ಇನ್ನೂ ಏನನ್ನೂ ಕೊಟ್ಟಿಲ್ಲ, ಬರೀ ಉತ್ತರ ಹೇಳಿದ್ದಾನೆ. ಬೆಲೆ ಕಾಣಿಸತೊಡಗುವುದು 22ನೇ ಕಂತಿನಿಂದ.

ಪ್ರಶ್ನೆ: ಎರಡನೇ ಸೀಸನ್ನಿಗೆ ಸಿಂಕ್ಲೇರ್ ಇಲ್ಲವಂತೆ. ಹಾಗಾದರೆ ಮಿನ್ಬಾರಿಗಳು ಅವನನ್ನೇ ಕಮಾಂಡರ್ ಆಗಿ ಒಪ್ಪಿದ್ದರ ಗುಟ್ಟು ಬಿಟ್ಟುಹೋಯಿತೇ?
— ಓದುಗರು, ಕುಂದಾಪುರ

ಉತ್ತರ: ಇಲ್ಲ. ಮೂರನೇ ಸೀಸನ್ನಿನ ಎರಡು ಭಾಗದ ಕಂತಿನಲ್ಲಿ ಪೂರ್ತಿ ಉತ್ತರವಿದೆ. ತಾಳ್ಮೆ ಇರಲಿ.

ಪ್ರಶ್ನೆ: ಆ ನಿಲ್ದಾಣ ತಿರುಗುತ್ತಾ ಇರುತ್ತದೆ, ಒಳಗೆ ಜನ ನೆಟ್ಟಗೆ ನಡೆಯುತ್ತಾರೆ. ಇದು ನಿಜಕ್ಕೂ ಸಾಧ್ಯವೇ? ಮಕ್ಕಳಿಗೆ ಹೇಗೆ ತೋರಿಸುವುದು?
— ವಿಜ್ಞಾನ ಶಿಕ್ಷಕರು, ಕಾರ್ಕಳ

ಉತ್ತರ: ಸಾಧ್ಯ. ಜಾತ್ರೆಯ ಮರಣಬಾವಿಯಲ್ಲಿ ಬೈಕಿನವನು ಗೋಡೆಯ ಮೇಲೆ ನಿಲ್ಲುವುದೂ ಇದೇ ತತ್ತ್ವದಿಂದ. ಶಾಲೆಯ ಅಂಗಳದಲ್ಲಿ ಸಣ್ಣ ಬಕೆಟ್‌ಗೆ ಅರ್ಧ ನೀರು ತುಂಬಿ, ಭುಜದಿಂದ ನೀರಿನವರೆಗೆ ಒಂದು ಮೀಟರ್ ಬರುವಂತೆ ಹಗ್ಗ ಕಟ್ಟಿ, ಮೇಲಿನಿಂದ ಕೆಳಕ್ಕೆ ಸುತ್ತಿಸಿ. ಎರಡು ಸೆಕೆಂಡಿಗೆ ಒಂದು ಸುತ್ತಿಗಿಂತ ನಿಧಾನವಾದರೆ ನೀರು ತಲೆಯ ಮೇಲೆ. ಸೆಕೆಂಡಿಗೆ ಒಂದು ಸುತ್ತು ಇದ್ದರೆ ಹನಿಯೂ ಬೀಳದು. ಸಾಮಾನ್ಯವಾಗಿ ತಪ್ಪುವುದು ನಿಲ್ಲಿಸುವಾಗ: ವೇಗ ತಗ್ಗಿಸುತ್ತಾ ಮತ್ತೊಂದು ಸುತ್ತು ಹಾಕಲು ಹೋಗಬಾರದು, ಬಕೆಟ್ ಕೆಳಗೆ ಬಂದಾಗ ಕೈಯನ್ನು ಅದರ ಜತೆಗೇ ಮುಂದಕ್ಕೆ ಬಿಟ್ಟು ನಿಲ್ಲಿಸಬೇಕು.

ಈಗ ನಿಲ್ದಾಣದ ಲೆಕ್ಕ. ಸರಣಿಯಲ್ಲಿ ಅದರ ಉದ್ದ 5 ಮೈಲಿ, ಅಂದರೆ 8 ಕಿ.ಮೀ. ಉಡುಪಿ ಪೇಟೆಯಿಂದ ಮಲ್ಪೆ ಕಡಲಿಗಿಂತಲೂ ದೂರ. ತ್ರಿಜ್ಯವನ್ನು ಲೆಕ್ಕಕ್ಕಾಗಿ 400 ಮೀಟರ್ ಎಂದಿಟ್ಟುಕೊಳ್ಳೋಣ. ಭೂಮಿಯಷ್ಟೇ ತೂಕ ಅನುಭವಕ್ಕೆ ಬರಲು 40 ಸೆಕೆಂಡಿಗೆ ಒಂದು ಸುತ್ತು ಸಾಕು. ಅಂಚಿನ ವೇಗ ಗಂಟೆಗೆ ಸುಮಾರು 225 ಕಿ.ಮೀ. ಅಲ್ಲಿ 2 ಮೀಟರ್ ಎತ್ತರದಿಂದ ಚೆಂಡು ಬಿಟ್ಟರೆ ಅದು ಕಾಲಬುಡದಲ್ಲಿ ಬೀಳದೆ, ನಿಲ್ದಾಣ ತಿರುಗುವ ದಿಕ್ಕಿಗೆ ವಿರುದ್ಧವಾಗಿ 13 ಸೆಂ.ಮೀ. ಸರಿದು ಬೀಳುತ್ತದೆ. ತ್ರಿಜ್ಯ 10 ಮೀಟರ್ ಮಾತ್ರ ಇದ್ದರೆ ಅದೇ ಚೆಂಡು ಒಂದು ಮೀಟರ್ ಆಚೆಗೆ! ಆಗ ಆರು ಸೆಕೆಂಡಿಗೊಂದು ಸುತ್ತು ಬೇಕಾಗುತ್ತದೆ; ತಲೆ ಹೊರಳಿಸಿದರೆ ವಾಂತಿ ಬರುವಂತಾಗುತ್ತದೆ. ತಿರುಗುವ ನಿಲ್ದಾಣ ದೊಡ್ಡದಿರಬೇಕು ಎನ್ನುವುದು ಇದಕ್ಕೇ.

ಒಂದು ಎಡವಟ್ಟನ್ನೂ ಮಕ್ಕಳಿಂದಲೇ ಲೆಕ್ಕ ಹಾಕಿಸಿ. ಮೊದಲ ಸೀಸನ್ನಿನ ಪೀಠಿಕೆಯ ಮಾತಿನಲ್ಲಿ ನಿಲ್ದಾಣದ ತೂಕ 25 ಲಕ್ಷ ಟನ್. ನಮ್ಮ ತ್ರಿಜ್ಯದಲ್ಲಿ, ನಿಲ್ದಾಣದ ಅರ್ಧದಷ್ಟೇ ಅಂದರೆ 4 ಕಿ.ಮೀ. ಉದ್ದದ ಸಿಲಿಂಡರಿಗೆ ಗಾಳಿ ತುಂಬಿದರೆ, ಘನ ಮೀಟರಿಗೆ 1.2 ಕಿಲೋದಂತೆ, ಗಾಳಿಯೇ ಸುಮಾರು 24 ಲಕ್ಷ ಟನ್ ಆಗುತ್ತದೆ. ಕಬ್ಬಿಣಕ್ಕೆ ಉಳಿಯುವುದೆಷ್ಟು? ತಿರುಗುವ ವಿಷಯದಲ್ಲಿ ಅಷ್ಟು ಎಚ್ಚರ ವಹಿಸಿದವರು ತೂಕದಲ್ಲಿ ಜಾರಿದ್ದಾರೆ.

ಪ್ರಶ್ನೆ: ನಿಜವಾದ ಬಾಹ್ಯಾಕಾಶ ನಿಲ್ದಾಣ ನಮ್ಮ ಕಡಲ ತೀರದಿಂದ ಕಾಣುತ್ತದೆಯೇ?
— ಓದುಗರು, ಮಲ್ಪೆ

ಉತ್ತರ: ಬರಿಗಣ್ಣಿಗೇ ಕಾಣುತ್ತದೆ, ದುರ್ಬೀನು ಬೇಡ. ಅಂತರರಾಷ್ಟ್ರೀಯ ನಿಲ್ದಾಣ ಸುಮಾರು 400 ಕಿ.ಮೀ. ಎತ್ತರದಲ್ಲಿ, ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ಸೂರ್ಯ ಮುಳುಗಿದ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯ ಒಳಗೆ, ಅಥವಾ ಬೆಳಗಿನ ಜಾವ ಸೂರ್ಯ ಮೂಡುವುದಕ್ಕೆ ಅಷ್ಟೇ ಹೊತ್ತು ಮುಂಚೆ ನೋಡಬೇಕು. ನಮಗೆ ಕತ್ತಲಾಗಿರಬೇಕು, ಅದರ ಮೇಲೆ ಇನ್ನೂ ಬಿಸಿಲಿರಬೇಕು. ನಿಮ್ಮ ಊರಿನ ಮೇಲೆ ಹಾಯುವ ದಿನ, ನಿಮಿಷವನ್ನು ನಾಸಾ ತನ್ನ ‘ಸ್ಪಾಟ್ ದ ಸ್ಟೇಷನ್’ ಆ್ಯಪ್‌ನಲ್ಲಿ ಮುಂಚಿತವಾಗಿ ಕೊಡುತ್ತದೆ. ದಿಗಂತದಿಂದ 40 ಡಿಗ್ರಿಗಿಂತ ಎತ್ತರಕ್ಕೆ ಬರುವ ದಿನವನ್ನೇ ಆರಿಸಿ. ತಗ್ಗಿನಲ್ಲಿ ಹಾದರೆ ಕಡಲಿನ ತೇವದ ಮಬ್ಬು ನುಂಗಿಬಿಡುತ್ತದೆ. ಮಳೆಗಾಲ ಬಿಡಿ, ಡಿಸೆಂಬರ್–ಫೆಬ್ರವರಿ ಒಳ್ಳೆಯದು.

ಮಿನುಗುವ ದೀಪವಾದರೆ ಅದು ವಿಮಾನ, ದಿಗಂತದಲ್ಲೇ ಕೂತಿದ್ದರೆ ಟ್ರಾಲ್ ಬೋಟಿನದು. ನಿಲ್ದಾಣ ಮಿನುಗದೆ, ಸದ್ದಿಲ್ಲದೆ, ಒಂದೇ ಸಮನೆ ಸರಿಯುತ್ತದೆ. ನಡು ಆಕಾಶದಲ್ಲಿ ತಟಕ್ಕನೆ ಆರಿದರೆ ಗಾಬರಿಯಾಗಬೇಡಿ, ಅದು ಭೂಮಿಯ ನೆರಳಿನೊಳಗೆ ಹೋಯಿತು ಅಷ್ಟೇ. ಫೋಟೊ ಬೇಕಾದರೆ ಟ್ರೈಪಾಡ್, 10ರಿಂದ 15 ಸೆಕೆಂಡಿನ ಎಕ್ಸ್‌ಪೋಶರ್, ಐಎಸ್‌ಒ 400. ಮೊದಲೇ ಒಂದು ನಕ್ಷತ್ರಕ್ಕೆ ಫೋಕಸ್ ಮಾಡಿ ಆಟೊಫೋಕಸ್ ಆಫ್ ಮಾಡಿಡಿ. ಇಲ್ಲದಿದ್ದರೆ ಕತ್ತಲಲ್ಲಿ ಕ್ಯಾಮೆರಾ ಫೋಕಸ್ ಹುಡುಕುತ್ತಿರುವಾಗಲೇ ನಿಲ್ದಾಣ ದಾಟಿಹೋಗಿರುತ್ತದೆ. ಉಪ್ಪುಗಾಳಿ ಹತ್ತು ನಿಮಿಷದಲ್ಲಿ ಲೆನ್ಸಿಗೆ ಪೊರೆ ಕಟ್ಟುತ್ತದೆ, ಆದ್ದರಿಂದ ಹೊತ್ತಾಗುವವರೆಗೆ ಮುಚ್ಚಳ ತೆಗೆಯಬೇಡಿ.