ಕಾಳು ಕಟ್ಟದ ಸಿಹಿಜೋಳ, ಬಿಟ್ಟು ಹೊರಡಬೇಕಾದ ತೋಟ

ಬ್ರಿಟನ್ನಿನ ಪಟ್ಟಣಗಳಲ್ಲಿ ಸ್ಥಳೀಯ ಆಡಳಿತಗಳು ವರ್ಷಕ್ಕಿಷ್ಟು ಗೇಣಿ ಎಂದು ಗೊತ್ತುಮಾಡಿ ನಾಗರಿಕರಿಗೆ ಕೊಡುವ ತುಂಡು ನೆಲಕ್ಕೆ ಅಲಾಟ್‌ಮೆಂಟ್ ಎಂದು ಹೆಸರು. ಹಳೆಯ ಅಳತೆಯಲ್ಲಿ ಪೂರ್ಣ ತುಂಡೊಂದು ಹತ್ತು ರಾಡ್, ಅಂದರೆ ಸುಮಾರು 250 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಅಂಥ ತುಂಡುಗಳಲ್ಲಿ ಬೇಸಾಯ ಮಾಡುತ್ತಿರುವ ಅಲ್ಲಿನ ಕನ್ನಡಿಗರ ಮೂರು ಪ್ರಶ್ನೆಗಳನ್ನು ಈ ಬಾರಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನನ್ನದು ಹಾವೇರಿ ಜಿಲ್ಲೆ. ನಮ್ಮ ಮನೆಯಲ್ಲಿ ಗೋವಿನಜೋಳವನ್ನು ಎಕರೆಗಟ್ಟಲೆ ಬೆಳೆಯುತ್ತಾರೆ. ಈಗ ಲೆಸ್ಟರ್‌ನಲ್ಲಿದ್ದೇನೆ. ಏಪ್ರಿಲ್ ಮೊದಲ ವಾರ ನೆಲಕ್ಕೆ ಹಾಕಿದ ಸ್ವೀಟ್‌ಕಾರ್ನ್ ಬೀಜ ಹುಟ್ಟಲೇ ಇಲ್ಲ. ಮೇ ತಿಂಗಳಲ್ಲಿ ಮತ್ತೆ ಹಾಕಿದ ಬೀಜದಿಂದ ಬೇಲಿಯುದ್ದಕ್ಕೂ ಒಂದು ಸಾಲು ಗಿಡ ಚೆನ್ನಾಗಿ ಬಂತು, ಆದರೆ ತೆನೆ ಸುಲಿದು ನೋಡಿದರೆ ಅಲ್ಲೊಂದು ಇಲ್ಲೊಂದು ಕಾಳು. ಗೊಬ್ಬರ ಸಾಲದಾಯಿತೇ? ಊರಿನಿಂದಲೇ ಬೀಜ ತಂದು ಹಾಕಿದರೆ ಆದೀತೇ?

ಉತ್ತರ: ಗಿಡ ಚೆನ್ನಾಗಿ ಬಂದಿದೆ ಎಂದು ನೀವೇ ಬರೆದಿರುವುದರಿಂದ ಗೊಬ್ಬರವನ್ನು ದೂರುವಂತಿಲ್ಲ. ತಪ್ಪಿರುವುದು ಸಾಲು. ಹಾವೇರಿಯ ಹೊಲದಲ್ಲಿ ಪರಾಗದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಏಕೆಂದರೆ ಗಾಳಿ ಯಾವ ಕಡೆಯಿಂದ ಬೀಸಿದರೂ ಅಲ್ಲಿ ಒಂದು ಗಿಡದ ಪರಾಗ ಇನ್ನೊಂದು ಗಿಡದ ಮೇಲೇ ಬೀಳುತ್ತದೆ. ಬೇಲಿಯ ಪಕ್ಕದ ಒಂದೇ ಸಾಲಿನಲ್ಲಿ, ಗಾಳಿ ಸಾಲಿಗೆ ಅಡ್ಡವಾಗಿ ಬೀಸಿದ ದಿನವೆಲ್ಲ ಪರಾಗ ಪಕ್ಕದವರ ಈರುಳ್ಳಿ ಮಡಿಗೆ ಹೋಗುತ್ತದೆ.

ಗಿಡದ ತುದಿಯಲ್ಲಿ ಕವಲೊಡೆದು ನಿಲ್ಲುವುದು ಗಂಡು ಹೂ, ಎಲೆಯ ಕಂಕುಳಲ್ಲಿ ಮೂಡುವ ತೆನೆ ಹೆಣ್ಣು. ತೆನೆಯ ತುದಿಯಿಂದ ಇಳಿಬೀಳುವ ರೇಷ್ಮೆಯಂಥ ಎಳೆಗಳಲ್ಲಿ ಪ್ರತಿಯೊಂದೂ ಒಳಗಿನ ಒಂದೊಂದೇ ಕಾಳಿಗೆ ಸೇರಿದ್ದು, ಆದ್ದರಿಂದ ಯಾವ ಎಳೆಗೆ ಪರಾಗ ತಾಗಲಿಲ್ಲವೋ ಆ ಜಾಗದ ಕಾಳು ಹುಟ್ಟುವುದಿಲ್ಲ. ಸುಲಿದ ತೆನೆಯನ್ನು ನೋಡಿಯೇ ಕಾರಣವನ್ನು ಬಹುಮಟ್ಟಿಗೆ ಹೇಳಬಹುದು. ಕಾಳು ಎಲ್ಲೆಂದರಲ್ಲಿ ಬಿಟ್ಟುಹೋಗಿದ್ದರೆ ಪರಾಗದ ಕೊರತೆ. ಬುಡದಿಂದ ಮುಕ್ಕಾಲು ಭಾಗ ಸಾಲುಸಾಲಾಗಿ ತುಂಬಿ ತುದಿ ಮಾತ್ರ ಬೋಳಾಗಿದ್ದರೆ ನೀರಿನ ಕೊರತೆಯನ್ನು ಶಂಕಿಸಬೇಕು. ಬುಡದ ಕಾಳಿನ ಎಳೆಗಳು ಮೊದಲು ಹೊರಬಂದು ತುದಿಯವು ಕಡೆಗೆ ಬರುವುದರಿಂದ, ನೆಲ ಒಣಗಿದ ವರ್ಷದಲ್ಲಿ ತುದಿಯ ಎಳೆಗಳು ಇನ್ನೂ ತಡವಾಗಿ, ಪರಾಗ ಮುಗಿದ ಮೇಲೆ ಹೊರಬರುತ್ತವೆ. ನಿಮ್ಮದು ಮೊದಲನೆಯ ಬಗೆ.

ಮುಂದಿನ ವರ್ಷ ಸಾಲನ್ನು ಬಿಟ್ಟು ಚೌಕ ಮಾಡಿ. ಹದಿನಾರು ಗಿಡಗಳನ್ನು ನಾಲ್ಕು ಸಾಲಿನಲ್ಲಿ ನಾಲ್ಕು ನಾಲ್ಕರಂತೆ, ಎಲ್ಲ ದಿಕ್ಕಿಗೂ 40 ಸೆಂಟಿಮೀಟರ್ ಅಂತರ ಕೊಟ್ಟು ನೆಟ್ಟರೆ ಒಂದು ಸಣ್ಣ ಕುಟುಂಬಕ್ಕೆ ಸಾಕಾಗುವಷ್ಟು ಬೆಳೆ ಬರುತ್ತದೆ. ಆ ಹವೆಯಲ್ಲಿ ಗಿಡಕ್ಕೆ ಒಂದು, ಹೆಚ್ಚೆಂದರೆ ಎರಡು ತೆನೆ. ಅದಕ್ಕಿಂತ ಹೆಚ್ಚನ್ನು ಬಯಸಬಾರದು. ಗಂಡು ಹೂವಿನಿಂದ ಹಳದಿ ಪುಡಿ ಉದುರತೊಡಗಿದ ಮೇಲೆ ಗಾಳಿಯಿಲ್ಲದ ಒಣ ದಿನಗಳಲ್ಲಿ ಬೆಳಗಿನ ಇಬ್ಬನಿ ಆರಿದ ನಂತರ ಗಿಡಗಳ ಕಾಂಡ ಹಿಡಿದು ಮೆಲ್ಲಗೆ ಅಲುಗಿಸಿ, ಇದನ್ನು ವಾರವಿಡೀ ಮಾಡಿ. ಕೆಲಸವಾಯಿತೇ ಎಂದು ತಿಳಿಯಬೇಕಿದ್ದರೆ ಎಳೆ ಕಾಣಿಸಿಕೊಂಡು ಒಂದು ವಾರವಾದ ಮೇಲೆ ಒಂದು ತೆನೆಯನ್ನು ಕಿತ್ತು, ಮುಸುಕನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಎಳೆಗಳು ಕೀಳದಂತೆ ಒಂದೊಂದೇ ಪದರ ಬಿಡಿಸಿ, ತೆನೆಯನ್ನು ಹಿಡಿದು ಸುಮ್ಮನೆ ಕೊಡವಿ. ಫಲಗಟ್ಟಿದ ಕಾಳಿನ ಎಳೆ ಬುಡದಲ್ಲಿ ಕಳಚಿ ಬೀಳುತ್ತದೆ, ಫಲಗಟ್ಟದಿರುವುದು ಅಂಟಿಕೊಂಡೇ ಇರುತ್ತದೆ. ಒಂದು ತೆನೆ ಹಾಳಾದರೂ ಉಳಿದವಕ್ಕೆ ಇನ್ನೆಷ್ಟು ದಿನ ಗಿಡ ಅಲುಗಿಸಬೇಕೆಂಬುದು ಕಣ್ಣಿಗೆ ಕಂಡಂತಾಗುತ್ತದೆ.

ಏಪ್ರಿಲ್‌ನಲ್ಲಿ ಹಾಕಿದ ಬೀಜ ಹುಟ್ಟದಿದ್ದುದಕ್ಕೆ ಕಾರಣ ಚಳಿ. ನೆಲದ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ದಾಟದೆ ಈ ಬೀಜ ಮೊಳೆಯುವುದಿಲ್ಲ, ತಣ್ಣನೆಯ ಒದ್ದೆ ಮಣ್ಣಿನಲ್ಲಿ ಕುಳಿತಷ್ಟೂ ಕೊಳೆಯುತ್ತದೆ. ಕೊಳೆಯದೆ ಉಳಿದದ್ದನ್ನು ಇಲಿಗಳು ಹುಡುಕಿ ತಿನ್ನುತ್ತವೆ. ಏಪ್ರಿಲ್ ಕೊನೆಯ ವಾರದಲ್ಲಿ ಮನೆಯೊಳಗೆ, ಬಿಸಿಲು ಬೀಳುವ ಕಿಟಕಿಯ ಬಳಿ, ಆಳವಾದ ಕುಂಡಕ್ಕೆ ಒಂದರಂತೆ ಎರಡೂವರೆ ಸೆಂಟಿಮೀಟರ್ ಆಳದಲ್ಲಿ ಬೀಜ ಹಾಕಿ. ಬೇರು ಕದಲಿದರೆ ಜೋಳದ ಸಸಿ ಸೊರಗುವುದರಿಂದ ಅಗಲವಾದ ಟ್ರೇಯಲ್ಲಿ ಒಟ್ಟಿಗೆ ಬಿತ್ತಿ ಆಮೇಲೆ ಬಿಡಿಸುವ ಪದ್ಧತಿ ಇದಕ್ಕೆ ಒಗ್ಗುವುದಿಲ್ಲ. ಸಸಿ ಒಂದು ಗೇಣಾದಾಗ ವಾರ ಹತ್ತು ದಿನ ಹಗಲು ಹೊರಗಿಟ್ಟು ರಾತ್ರಿ ಒಳಗೆ ತಂದು ಒಗ್ಗಿಸಿ, ಹಿಮಗಟ್ಟುವ ರಾತ್ರಿಗಳು ಮುಗಿದವೆಂದು ಖಾತ್ರಿಯಾದ ಮೇಲೆ ನೆಡಿ. ನಿಮ್ಮ ಕಡೆ ಅದು ಮೇ ಕೊನೆಯ ವಾರ ಅಥವಾ ಜೂನ್ ಆರಂಭ. ಕಾಂಡದ ಬುಡದ ಗಿಣ್ಣಿನಲ್ಲಿ ಬೇರು ಇಳಿಯತೊಡಗಿದಾಗ ಊರಿನಲ್ಲಿ ಮಾಡುವಂತೆಯೇ ಬುಡಕ್ಕೆ ಮಣ್ಣು ಏರಿಸಿ. ಬೇರುಗಳು ಮೇಲುಮೇಲಕ್ಕೇ ಹರಡುವುದರಿಂದ ಕಳೆ ತೆಗೆಯುವಾಗ ಗುದ್ದಲಿ ಆಳಕ್ಕೆ ಹೋಗಬಾರದು. ಬುಡದಲ್ಲಿ ಒಡೆಯುವ ಮರಿಗಿಡಗಳನ್ನು ಕೀಳುವ ಅಗತ್ಯವಿಲ್ಲ. ನೀರು ಮುಖ್ಯವಾಗಿ ಬೇಕಾಗುವುದು ಹೂ ಬಂದಾಗ ಮತ್ತು ಕಾಳು ತುಂಬುವಾಗ.

ಊರಿನ ಬೀಜದ ಆಲೋಚನೆಯನ್ನು ಬಿಟ್ಟುಬಿಡಿ. ಹೊರದೇಶದಿಂದ ಬಿತ್ತನೆ ಬೀಜ ಒಯ್ಯಲು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕೆಂಬ ನಿಯಮ ಒಂದು ಕಡೆಗಿದ್ದರೆ, ಉಷ್ಣವಲಯದ ಜೋಳದ ಎಷ್ಟೋ ತಳಿಗಳು ಇಂಗ್ಲೆಂಡಿನ ಜೂನ್ ತಿಂಗಳ ದೀರ್ಘ ಹಗಲಿನಲ್ಲಿ ಎಲೆಯನ್ನೇ ಬಿಡುತ್ತ ಹೋಗಿ ಹೂವಿಗೆ ತಡಮಾಡುತ್ತವೆ ಎಂಬುದು ಇನ್ನೊಂದು ಕಡೆ. ಆಗ ತೆನೆ ಬಲಿಯುವ ಮೊದಲೇ ಚಳಿಗಾಲ ಬರುತ್ತದೆ. ‘ಸ್ವಿಫ್ಟ್’, ‘ಲಾರ್ಕ್’ ಮುಂತಾದ ತಳಿಗಳು ಆ ಹವೆಗೆ ಹೊಂದಿಕೊಂಡಿವೆ. ‘ಸೂಪರ್‌ಸ್ವೀಟ್’ ಎಂದು ಪೊಟ್ಟಣದ ಮೇಲೆ ಬರೆದಿರುವ ತಳಿಗಳನ್ನು ಮಾತ್ರ ಬೇರೆ ಬಗೆಯ ಜೋಳದ ಪಕ್ಕದಲ್ಲಿ ಬೆಳೆಯಬಾರದು. ಅನ್ಯಪರಾಗ ತಾಗಿದರೆ ಅದೇ ವರ್ಷದ ಕಾಳಿನಲ್ಲೇ ಸಿಹಿ ಹೋಗಿ ಹಿಟ್ಟು ಬರುತ್ತದೆ. ಪಕ್ಕದ ತುಂಡಿನವರು ಏನು ಬಿತ್ತುತ್ತಾರೆಂದು ಮೊದಲೇ ಕೇಳಿಕೊಳ್ಳಿ. ಎರಡರ ಹೂವಿಗೆ ಎರಡು ವಾರದ ಅಂತರ ಬರುವಂತೆ ಹಿಂದುಮುಂದಾಗಿ ಬಿತ್ತಿದರೂ ಆದೀತು.

ಪ್ರಶ್ನೆ: ರೆಡಿಂಗ್‌ನಲ್ಲಿ ಎಂಟು ವರ್ಷದಿಂದ ಅಲಾಟ್‌ಮೆಂಟ್ ಮಾಡಿಕೊಂಡಿದ್ದೇವೆ. ಯಜಮಾನರಿಗೆ ಶೆಫೀಲ್ಡ್‌ನಲ್ಲಿ ಕೆಲಸವಾಗಿದ್ದು ಮಾರ್ಚ್ ಕೊನೆಗೆ ಮನೆ ಬದಲಿಸುತ್ತೇವೆ. ಹೊಸ ಮನೆಗೆ ಸಣ್ಣ ಹಿತ್ತಿಲು ಇದೆ. ನಮ್ಮ ತೋಟದಲ್ಲಿ ರುಬಾರ್ಬ್, ರಾಸ್ಪ್‌ಬೆರಿ, ಬ್ಲ್ಯಾಕ್‌ಕರೆಂಟ್, ಗೂಸ್‌ಬೆರಿ, ಸ್ಟ್ರಾಬೆರಿ, ಆಸ್ಪರಾಗಸ್ ಮತ್ತು ಎಂಟು ವರ್ಷದ ಒಂದು ಸೇಬಿನ ಮರ ಇವೆ. ಎಲ್ಲವನ್ನೂ ಕಿತ್ತು ಒಯ್ಯಬಹುದೇ? ಯಾವಾಗ? ಹಾಗೆ ಒಯ್ಯಲು ನಮಗೆ ಹಕ್ಕಿದೆಯೇ?

ಉತ್ತರ: ಹಕ್ಕಿನ ವಿಚಾರವನ್ನು ಮೊದಲು ಮುಗಿಸೋಣ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 1922ರ ಅಲಾಟ್‌ಮೆಂಟ್ ಕಾಯ್ದೆಯ ಪ್ರಕಾರ, ಗೇಣಿದಾರರು ತಾವೇ ತಂದು ನೆಟ್ಟ ಹಣ್ಣಿನ ಮರಗಿಡಗಳನ್ನು ಗೇಣಿ ಮುಗಿಯುವ ಮೊದಲು ತೆಗೆದುಕೊಂಡು ಹೋಗಬಹುದು, ಆದರೆ ಕಿತ್ತ ಜಾಗವನ್ನು ಸರಿಪಡಿಸಿ ಕೊಡಬೇಕು. ‘ಗೇಣಿ ಮುಗಿಯುವ ಮೊದಲು’ ಎಂಬುದನ್ನು ಗಮನಿಸಿ. ತುಂಡನ್ನು ಒಪ್ಪಿಸಿದ ಮೇಲೆ ಹೋಗಿ ಕೇಳಿದರೆ ಸಿಗುವುದಿಲ್ಲ. ಹಿಂದಿನ ಗೇಣಿದಾರರು ನೆಟ್ಟು ಹೋದ ಗಿಡಗಳು ನಿಮ್ಮವಲ್ಲ. ನಿಮ್ಮ ಕರಾರುಪತ್ರದಲ್ಲಿ ಬೇರೆ ಷರತ್ತು ಇದೆಯೇ ಎಂದು ಓದಿಕೊಂಡು, ತೋಟದ ಮೇಲ್ವಿಚಾರಕರಿಗೆ ಮೊದಲೇ ಒಂದು ಮಾತು ತಿಳಿಸಿಬಿಡಿ.

ಎಲ್ಲವನ್ನೂ ಕೀಳುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಹಳೆಯ ಗಿಡವನ್ನು ಬುಡಸಮೇತ ಎತ್ತಿದರೆ ನೀರು ಹೀರುವ ಸಣ್ಣ ಬೇರುಗಳೆಲ್ಲ ಹೊರಗಿನ ಸುತ್ತಿನಲ್ಲೇ ಉಳಿದು, ಕೈಗೆ ಬರುವುದು ದಪ್ಪ ಬೇರಿನ ಬೊಡ್ಡೆ ಮಾತ್ರ. ಅದೇ ಗಿಡದ ಕಡ್ಡಿಯೋ ಮರಿಯೋ ಹೊಸ ನೆಲದಲ್ಲಿ ಎರಡು ಮೂರು ವರ್ಷಕ್ಕೆ ಗಟ್ಟಿ ಗಿಡವಾಗುತ್ತದೆ, ಸಾಗಿಸುವುದೂ ಸುಲಭ. ನಿಮ್ಮ ಪಟ್ಟಿಯಲ್ಲಿ ಬುಡಸಮೇತ ಒಯ್ಯಲು ನಿಜವಾಗಿ ತಕ್ಕದ್ದು ದಂಟಿಗಾಗಿ ಬೆಳೆಯುವ ರುಬಾರ್ಬ್ ಒಂದೇ.

ರುಬಾರ್ಬ್‌ನ ಎಲೆಗಳು ಸತ್ತು ಗಿಡ ಮಲಗಿದ ಮೇಲೆ, ನವೆಂಬರ್‌ನಿಂದ ಮಾರ್ಚ್‌ವರೆಗೆ, ಯಾವಾಗ ಬೇಕಾದರೂ ಅಗೆಯಬಹುದು. ಬುಡವನ್ನು ಸನಿಕೆಯಿಂದ ಕಡಿದು ಭಾಗ ಮಾಡಿ, ಒಂದೊಂದು ಭಾಗದಲ್ಲೂ ಕನಿಷ್ಠ ಒಂದು ದಪ್ಪ ಮೊಗ್ಗು ಇರುವಂತೆ ನೋಡಿಕೊಳ್ಳಿ. ನಡುವಿನ ಹಳೆಯ ಕೊಳೆತ ಭಾಗವನ್ನು ಎಸೆಯಿರಿ. ಹೊಸ ಜಾಗದಲ್ಲಿ ಮೊದಲ ವರ್ಷ ದಂಟು ಕೀಳಬಾರದು. ಇದೆಲ್ಲಕ್ಕಿಂತ ಎಚ್ಚರ ಬೇಕಾದದ್ದು ಬುಡವನ್ನು ತೊಳೆಯುವಲ್ಲಿ. ಅಲಾಟ್‌ಮೆಂಟುಗಳಲ್ಲಿ ಬೈಂಡ್‌ವೀಡ್ ಎಂಬ ಹಂಬುಕಳೆಯ ಬಿಳಿಯ ಬೇರು ರುಬಾರ್ಬ್‌ನ ಮೊಗ್ಗುಗಳ ನಡುವೆಯೇ ನುಸುಳಿರುತ್ತದೆ. ನೋಡಲು ಬೇಯಿಸಿದ ಶಾವಿಗೆಯಂತಿರುವ ಅದು ಮುಟ್ಟಿದರೆ ಪಟ್ಟನೆ ಮುರಿಯುತ್ತದೆ, ಮುರಿದ ಒಂದು ತುಂಡು ಉಳಿದರೂ ಹೊಸ ಹಿತ್ತಿಲಿನಲ್ಲಿ ಚಿಗುರುತ್ತದೆ. ಬಕೆಟ್ ನೀರಿನಲ್ಲಿ ಬುಡವನ್ನು ಅದ್ದಿ ಮಣ್ಣೆಲ್ಲ ಬಿಟ್ಟ ಮೇಲೆ ಬಿಳಿ ಎಳೆ ಕಂಡಲ್ಲೆಲ್ಲ ಚಾಕುವಿನ ತುದಿಯಿಂದ ಎಬ್ಬಿಸಿ ತೆಗೆಯಿರಿ. ತೊಳೆಯುವುದಕ್ಕೆ ಇನ್ನೊಂದು ಕಾರಣವೂ ಇದೆ: ಕೋಸಿನ ಜಾತಿಯ ಬೇರುಗಂಟು (ಕ್ಲಬ್‌ರೂಟ್) ರೋಗ, ಈರುಳ್ಳಿ ಬೆಳ್ಳುಳ್ಳಿಗಳ ಬಿಳಿಕೊಳೆ ರೋಗ ಇವೆರಡೂ ಮಣ್ಣಿನಲ್ಲಿ ಬಹಳ ವರ್ಷ ಬದುಕಿರುವಂಥವು, ಹತ್ತಾರು ಕೈ ಬದಲಾದ ಅಲಾಟ್‌ಮೆಂಟ್ ನೆಲದಲ್ಲಿ ಅವು ಇಲ್ಲವೆಂದು ಹೇಳಲಾಗದು. ಆದ್ದರಿಂದ ಹಳೆಯ ತೋಟದ ಮಣ್ಣನ್ನು ಹೊಸ ಹಿತ್ತಿಲಿಗೆ ಒಯ್ಯದಿರುವುದೇ ಕ್ಷೇಮ.

ಬ್ಲ್ಯಾಕ್‌ಕರೆಂಟ್ ಮತ್ತು ಗೂಸ್‌ಬೆರಿಗೆ ಕಡ್ಡಿ ಸಾಕು. ಎಲೆ ಉದುರಿದ ಮೇಲೆ ಆ ವರ್ಷದ ಹೊಸ ಕೊಂಬೆಯಿಂದ ಪೆನ್ಸಿಲಿನ ದಪ್ಪದ, 25ರಿಂದ 30 ಸೆಂಟಿಮೀಟರ್ ಉದ್ದದ ಕಡ್ಡಿಗಳನ್ನು ಕತ್ತರಿಸಿ, ಮರಳು ಬೆರೆಸಿದ ಮಣ್ಣಿನ ಆಳ ಕುಂಡದಲ್ಲಿ ಮೂರರಲ್ಲಿ ಎರಡು ಪಾಲು ಮುಳುಗುವಂತೆ ಊರಿ, ಕುಂಡವನ್ನು ಹೊರಗೇ ಇಡಿ. ಬ್ಲ್ಯಾಕ್‌ಕರೆಂಟ್ ನೆಲದೊಳಗಿನಿಂದ ಹಲವು ಕಾಂಡ ಎಬ್ಬಿಸಬೇಕಾದ್ದರಿಂದ ಅದರ ಮೊಗ್ಗುಗಳನ್ನೆಲ್ಲ ಉಳಿಸಬೇಕು. ಗೂಸ್‌ಬೆರಿಗೆ ಒಂದೇ ಗಿಡ್ಡ ಕಾಂಡ ಲೇಸಾದ್ದರಿಂದ ಅದರ ಕೆಳಭಾಗದ ಮೊಗ್ಗುಗಳನ್ನು ಉಜ್ಜಿ ತೆಗೆಯಬೇಕು. ಮೂರು ನಾಲ್ಕು ವರ್ಷದೊಳಗಿನ ಪೊದೆಗಳಿದ್ದರೆ ಅವನ್ನು ಬೇರುಮುದ್ದೆ ಸಹಿತ ಎತ್ತಲೂ ಅಡ್ಡಿಯಿಲ್ಲ. ಹಾಗೆ ಎತ್ತಿದ ಬ್ಲ್ಯಾಕ್‌ಕರೆಂಟನ್ನು ಮೊದಲಿಗಿಂತ ಐದು ಸೆಂಟಿಮೀಟರ್ ಆಳದಲ್ಲಿ ನೆಟ್ಟು, ಕಾಂಡಗಳನ್ನೆಲ್ಲ ನೆಲದಿಂದ ಎರಡು ಮೊಗ್ಗಿಗೆ ಕತ್ತರಿಸಿಬಿಡಿ. ಒಂದು ವರ್ಷದ ಹಣ್ಣು ಹೋದರೂ ಗಿಡ ಉಳಿಯುತ್ತದೆ.

ಎಂಟು ವರ್ಷದ ರಾಸ್ಪ್‌ಬೆರಿಯಲ್ಲಿ ವೈರಸ್ ಸೇರಿರುವ ಸಂಭವ ಹೆಚ್ಚು. ಎಲೆಯಲ್ಲಿ ಹಳದಿ ಮಚ್ಚೆ, ವರ್ಷದಿಂದ ವರ್ಷಕ್ಕೆ ಕುಗ್ಗುವ ಹಣ್ಣು ಕಂಡಿದ್ದರೆ ಅಲ್ಲಿಯೇ ಬಿಟ್ಟು ಹೊಸದನ್ನು ಕೊಳ್ಳಿ. ಸ್ಟ್ರಾಬೆರಿಯದ್ದು ಬಳ್ಳಿಯ ತುದಿಯಲ್ಲಿ ಬೇರುಬಿಟ್ಟ ಈ ವರ್ಷದ ಮರಿಗಳನ್ನು ಈಗಲೇ, ಸೆಪ್ಟೆಂಬರ್‌ನಲ್ಲೇ, ಕುಂಡಕ್ಕೆ ಎತ್ತಿಕೊಳ್ಳಿ, ತಾಯಿಗಿಡ ಬೇಡ. ಆಸ್ಪರಾಗಸ್ ಕದಲಿಸಿದರೆ ಸಹಿಸದ ಗಿಡ. ಅಷ್ಟು ಹಳೆಯ ಬುಡವನ್ನು ಬೇರು ಮುರಿಯದೆ ಎತ್ತುವುದು ಆಗದ ಕೆಲಸ, ಆಸೆ ಬಿಡಿ.

ಸೇಬಿನ ಮರದ ಮೇಲೆ ನಿಮಗೆ ಮಮತೆ ಇರುವುದು ಸಹಜ. ನಾಲ್ಕೈದು ವರ್ಷದೊಳಗಿನ ಮರವಾಗಿದ್ದರೆ ಎತ್ತಿ ನೋಡಬಹುದಿತ್ತು. ಇನ್ನೊಂದು ವರ್ಷ ಸಮಯವಿದ್ದಿದ್ದರೆ ಸುತ್ತಲೂ ಕಾಲುವೆ ತೋಡಿ ಬೇರು ಕಡಿದು, ಹತ್ತಿರದಲ್ಲೇ ಹೊಸ ಬೇರು ಬರಿಸಿ ಮುಂದಿನ ಚಳಿಗಾಲದಲ್ಲಿ ಎತ್ತುವ ಉಪಾಯವಿತ್ತು. ಆರು ತಿಂಗಳಲ್ಲಿ ಅದು ಸಾಧ್ಯವಿಲ್ಲ, ಆದರೆ ಮರವನ್ನು ಕಳೆದುಕೊಳ್ಳಬೇಕಾಗಿಯೂ ಇಲ್ಲ. ಜನವರಿಯಲ್ಲಿ ಹಿಂದಿನ ವರ್ಷ ಬೆಳೆದ ಕೊಂಬೆಗಳಿಂದ ನಾಲ್ಕಾರು ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಫ್ರಿಜ್ಜಿನೊಳಗಿಡಿ; ಹಣ್ಣುಗಳಿಂದ ಮಾತ್ರ ದೂರವಿರಲಿ, ಹಣ್ಣು ಬಿಡುವ ಎಥಿಲೀನ್ ಅನಿಲ ಮೊಗ್ಗಿಗೆ ಹಾನಿ. ಸಣ್ಣ ಹಿತ್ತಿಲಿಗೆ ತಕ್ಕ ‘ಎಂ26’ ಅಥವಾ ಇನ್ನೂ ಗಿಡ್ಡವಾದ ‘ಎಂ9’ ಬೇರುಸಸಿಯನ್ನು (ಕಸಿಗೆ ಬುಡವಾಗುವ ಗಿಡ) ನರ್ಸರಿಯಿಂದ ತಂದು ಮಾರ್ಚ್‌ನಲ್ಲಿ ಈ ಕಡ್ಡಿಯನ್ನು ಅದಕ್ಕೆ ಕಸಿ ಕಟ್ಟಿದರೆ ಅದೇ ಸೇಬು ಶೆಫೀಲ್ಡ್‌ನಲ್ಲೂ ಬಿಡುತ್ತದೆ.

ಮಾರ್ಚ್‌ವರೆಗೆ ಕಾಯದೆ ಅಗೆಯುವ ಕೆಲಸವನ್ನು ನವೆಂಬರ್‌ನಲ್ಲೇ ಮುಗಿಸಿ, ಎಲ್ಲವನ್ನೂ ಹೊಸ ಗೊಬ್ಬರಮಣ್ಣಿನ ಕುಂಡಗಳಲ್ಲಿ ಇಟ್ಟುಕೊಂಡರೆ ಮನೆ ಸಾಗಿಸುವ ವಾರದಲ್ಲಿ ನೆಲ ಹೆಪ್ಪುಗಟ್ಟಿದ್ದರೂ ಚಿಂತೆಯಿಲ್ಲ.

ಪ್ರಶ್ನೆ: ಸ್ವೀಟ್‌ಕಾರ್ನ್ ತೆನೆ ಮುರಿಯುವ ಸರಿಯಾದ ಸಮಯ ಯಾವುದು? ಬಲಿತುಹೋದ ತೆನೆಗಳನ್ನು ಬೀಜಕ್ಕೆ ಇಡಬಹುದೇ?

ಉತ್ತರ: ತುದಿಯ ಎಳೆಗಳು ಕಂದಾಗಿ ಒಣಗಿದ ಮೇಲೆ ಮುಸುಕನ್ನು ಸ್ವಲ್ಪ ಸರಿಸಿ ಒಂದು ಕಾಳಿಗೆ ಉಗುರು ಒತ್ತಿ. ನೀರು ಚಿಮ್ಮಿದರೆ ಇನ್ನೂ ಎಳಸು, ಹಾಲು ಬಂದರೆ ಹದ, ಹಿಟ್ಟಿನಂತೆ ಗಟ್ಟಿಯಾಗಿದ್ದರೆ ಸಮಯ ಮೀರಿದೆ. ಮುರಿದ ಕ್ಷಣದಿಂದ ಸಕ್ಕರೆ ಪಿಷ್ಟವಾಗತೊಡಗುವುದರಿಂದ, ಅದರಲ್ಲೂ ಹಳೆಯ ಬಗೆಯ ತಳಿಗಳನ್ನು, ಅದೇ ದಿನ ಬೇಯಿಸುವುದು ಉತ್ತಮ. ಬಲಿತ ತೆನೆ ಬೇಯಿಸಿ ತಿನ್ನಲು ರುಚಿಸದಿದ್ದರೂ ಕಾಳು ಬಿಡಿಸಿ ರುಬ್ಬಿ ವಡೆಗೆ ಬಳಸಬಹುದು. ಬೀಜಕ್ಕೆ ಇಡಬೇಡಿ: ಅಂಗಡಿಯಲ್ಲಿ ಸಿಗುವ ತಳಿಗಳಲ್ಲಿ ಬಹುಪಾಲು ಎಫ್1 ಹೈಬ್ರಿಡ್‌ಗಳಾಗಿದ್ದು (ಎರಡು ಬೇರೆ ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆ), ಅವುಗಳ ಕಾಳನ್ನು ಬಿತ್ತಿದರೆ ಎತ್ತರ, ಕೊಯ್ಲಿನ ಸಮಯ, ಸಿಹಿ ಯಾವುದರಲ್ಲೂ ಒಂದು ಗಿಡ ಇನ್ನೊಂದನ್ನು ಹೋಲುವುದಿಲ್ಲ.